ಹೊಳೆ ದಾಟಬಾರದ ತಿಂಗಳು

ನಾನಿರುವ ಊರಿಗೆ ನಾಲ್ಕೂ ಕಡೆ ಕಾವೇರಿ. ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬಂದು, ದಡದಲ್ಲಿ ಇಳಿದು, ಒಂದು ತಗ್ಗು ಸೇತುವೆ ದಾಟಿದರೆ ನಮ್ಮ ನಡುಗಡ್ಡೆ. ತೆಂಗು, ಬಾಳೆ, ಭತ್ತ, ಗದ್ದೆಯ ಬದುವಿನಲ್ಲೂ ಕಾಲಿಡಲು ಜಾಗ ಬಿಡದಂತೆ ಬೆಳೆದ ಹುಲ್ಲು. ಬಂದವರೆಲ್ಲ ಮೊದಲು ಹೇಳುವ ಮಾತು ಒಂದೇ: "ಏನ್ ಹಸಿರು ಕಣ್ರೀ!" ಫೋಟೊ ತೆಗೆದುಕೊಳ್ಳುತ್ತಾರೆ, ಎಳನೀರು ಕುಡಿಯುತ್ತಾರೆ, ಸಂಜೆಯ ಬಸ್ಸಿಗೆ ಹೊರಟುಬಿಡುತ್ತಾರೆ. ಅವರ ಮೇಲೆ ನನಗೆ ಸಣ್ಣಗೆ ಸಿಟ್ಟು ಬರುತ್ತದೆ. ಆ ಹಸಿರನ್ನು ನೋಡಿ ಹೋಗುವುದು ಬೇರೆ, ಅದಕ್ಕೆ ಉಣಿಸುವ ಹೊಳೆಯನ್ನು ಸುತ್ತ ಇಟ್ಟುಕೊಂಡು ನಿದ್ದೆ ಮಾಡುವುದು ಬೇರೆ.

ನನ್ನ ತವರು ಕೌದಳ್ಳಿ. ಹನೂರಿನಿಂದ ಬೆಟ್ಟಕ್ಕೆ ಹೋಗುವ ರಸ್ತೆಯಲ್ಲಿ ಅಪ್ಪನದೊಂದು ಅಂಗಡಿ, ಅದರ ಹಿಂದೆ ರಾಗಿ, ಮುಸುಕಿನ ಜೋಳ ಬೆಳೆಯುವ ಹೊಲ. ನಮ್ಮಲ್ಲಿ ನೀರು ಅಂದರೆ ಬೋರ್‌ವೆಲ್ಲಿನಿಂದ ಬರುವಂಥದ್ದು, ಕೊಡದಲ್ಲಿ ಹಿಡಿಯುವಂಥದ್ದು, ಹಿಡಿದಷ್ಟೇ ಇರುವಂಥದ್ದು. ತಾನಾಗಿಯೇ ಎದ್ದು ಮನೆ ಬಾಗಿಲಿಗೆ ಬರುವ ನೀರು ಇರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಗಂಡಿನ ಮನೆ ನೋಡುವುದಕ್ಕೆ ಹೆಣ್ಣು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ನಾನು ಹಟ ಮಾಡಿ ಹೋದೆ. ಸೇತುವೆಯ ಮೇಲೆ ನಡೆಯುವಾಗ ಅಪ್ಪನ ತೋಳು ಹಿಡಿದಿದ್ದೆ. ಸೇತುವೆಗೆ ಪಕ್ಕದಲ್ಲಿ ಕಂಬಿಯೇ ಇರಲಿಲ್ಲ. ಕೆಳಗೆ ನೀರು ಮೊಣಕಾಲುದ್ದವೂ ಇಲ್ಲ, ಬೇಸಿಗೆ. ಆದರೂ ತೋಳು ಬಿಡಲಿಲ್ಲ. ಅಪ್ಪ ಮಾತ್ರ ಮೈಮರೆತಿದ್ದ. ಗದ್ದೆಗಿಳಿದು ಹಿಡಿ ಕೆಸರು ತೆಗೆದು ಮೂಸಿ ನೋಡಿದ. "ನೀರಿದ್ರೆ ಊರು ಕಣ್ ಮಗಾ. ಇಂಥಾ ಮನೆಗೆ ಕೊಡ್ದೆ ಇನ್ಯಾವ ಮನೆಗೆ ಕೊಡ್ಲಿ?" ಅಂದ. ನನಗೆ ಹುಡುಗ ಇಷ್ಟವಾಗಿದ್ದ, ಊರು ಇಷ್ಟವಾಗಿರಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ಹೇಳುವ ಧೈರ್ಯ ಬರಲಿಲ್ಲ.

ಮದುವೆಯಾಗಿ ಬಂದ ಮೇಲೆ ನಾನು ಮೊದಲು ಕಲಿತದ್ದು ಹೊಳೆಯ ಸದ್ದನ್ನು. ನೀರು ಕಡಿಮೆಯಿದ್ದಾಗ ಅದು ಬಂಡೆಗಳ ನಡುವೆ ಹಗಲು ರಾತ್ರಿ ಗಲಗಲ ಅನ್ನುತ್ತಿರುತ್ತದೆ. ಏರಿದಾಗ ಬಂಡೆಗಳು ಮುಳುಗುತ್ತವೆ, ಸದ್ದು ಅಡಗುತ್ತದೆ. ಹೊಸಬರು ಸದ್ದಿಗೆ ಹೆದರುತ್ತಾರೆ, ಊರಿನವರು ಸದ್ದು ನಿಂತರೆ ಎದ್ದು ಕೂರುತ್ತಾರೆ. ನಾನು ಎರಡಕ್ಕೂ ಹೆದರಿದೆ. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಕೂತವಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕಿವಿಗೊಡುತ್ತಿದ್ದೆ. ನನ್ನ ಗಂಡ ನಗುತ್ತಿದ್ದ. "ಕೌದಳ್ಳಿ ಕೋಳಿ ನೀನು. ನೀರ್ ಕಂಡ್ರೆ ರೆಕ್ಕೆ ಬಡೀತೀಯ" ಅನ್ನುತ್ತಿದ್ದ. ನಕ್ಕರೆ ನಗಲಿ ಅಂತ ದಿನಕ್ಕೆ ಎರಡು ಸಲ ಸ್ನಾನದ ಮೆಟ್ಟಿಲಿಗೆ ಹೋಗಿ ಅಲ್ಲಿದ್ದ ಕಲ್ಲುಕಂಬವನ್ನು ನೋಡಿ ಬರುತ್ತಿದ್ದೆ. ಕಂಬದ ತಲೆ ಕಾಣುವವರೆಗೂ ಊರಿಗೆ ಚಿಂತೆಯಿಲ್ಲ ಅನ್ನುವುದು ಇಲ್ಲಿನ ಲೆಕ್ಕ. ಫೋನಿನಲ್ಲಿ ಮೇಲಿನ ಡ್ಯಾಮಿನಿಂದ ಎಷ್ಟು ನೀರು ಬಿಟ್ಟರು ಅಂತ ಯಾರಾದರೂ ಕಳಿಸುತ್ತಲೇ ಇರುತ್ತಾರೆ. ಊರಿನವರು ಅದನ್ನು ಓದಿ ಮುಂದಕ್ಕೆ ಕಳಿಸಿ, ಎದ್ದು ಹೋಗಿ ಕಂಬವನ್ನೇ ನೋಡುತ್ತಾರೆ.

ಅತ್ತೆಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ಹೊಳೆಯನ್ನು ಅವರು ಹೊಳೆ ಅಂತಲೂ ಕರೆಯುತ್ತಿರಲಿಲ್ಲ, "ತಾಯಿ" ಅನ್ನುತ್ತಿದ್ದರು. ನೀರು ಏರಿದರೆ "ತಾಯಿ ಬಂದವ್ಳೆ, ಓಯ್ತಾಳೆ ಬುಡು" ಅಂತ ಹೇಳಿ ಸೌದೆಯನ್ನು ಅಟ್ಟಕ್ಕೆ ಏರಿಸಿ, ದನಗಳನ್ನು ಎತ್ತರದ ಕಣಕ್ಕೆ ಕಟ್ಟಿ, ತಮ್ಮ ಪಾಡಿಗೆ ತಾವು ಮುದ್ದೆ ತೊಳಸುತ್ತಿದ್ದರು. ಅವರ ನೆಮ್ಮದಿ ಕಂಡರೆ ನನಗೆ ಹೊಟ್ಟೆಕಿಚ್ಚು.

ಮಾರನೇ ವರ್ಷ ನಾನು ಬಸುರಾದೆ. ನಮ್ಮ ಕಡೆ ಬಸುರಿಯನ್ನು ತವರಿಗೆ ಕರೆದುಕೊಂಡು ಹೋಗುವುದು ಬೆಸ ತಿಂಗಳಲ್ಲಿ, ಐದರಲ್ಲೋ ಏಳರಲ್ಲೋ ಒಂಬತ್ತರಲ್ಲೋ. ಸರಿ ತಿಂಗಳಲ್ಲಿ ಯಾರೂ ಕಳಿಸುವುದಿಲ್ಲ. ಅದರ ಮೇಲೆ ನಡುಗಡ್ಡೆಯವರದು ಇನ್ನೊಂದು ಕಟ್ಟು: ಏಳು ತುಂಬಿದ ಬಸುರಿ ಹೊಳೆ ದಾಟಬಾರದು. ಹೀಗಾಗಿ ಏಳು ತುಂಬುವುದರೊಳಗೆ ಮಡಿಲು ತುಂಬಿಸಿ ದಡದಾಚೆ ಕಳಿಸಿಬಿಡುವುದು ಊರಿನ ವಾಡಿಕೆ. ಎಲ್ಲ ಸರಿಯೇ. ಆದರೆ ನನ್ನ ಏಳನೇ ತಿಂಗಳು ಆಷಾಢಕ್ಕೆ ಬಿತ್ತು.

ಆಷಾಢದಲ್ಲಿ ಮಡಿಲು ತುಂಬುವಂತಿಲ್ಲ. ಅಪ್ಪ ಫೋನು ಮಾಡಿ ಕಳಿಸಿಕೊಡಿ ಅಂದ. ಅತ್ತೆ, "ಆಷಾಢ ಕಳೀಲಿ ಬೀಗ್ರೇ" ಅಂದರು. ಅಪ್ಪನೂ ಹೌದೆಂದು ಒಪ್ಪಿದ. ಆಷಾಢ ಕಳೆಯಿತು, ಏಳು ತುಂಬಿ ಎಂಟು ಬಿತ್ತು. ಎಂಟು ಸರಿ ತಿಂಗಳು, ಕಳಿಸುವಂತಿಲ್ಲ. ಒಂಬತ್ತಕ್ಕೆ ಹೋಗೋಣವೆಂದರೆ ಏಳು ತುಂಬಿದವಳು ಹೊಳೆ ದಾಟುವಂತಿಲ್ಲ. ಮೂರು ಶಾಸ್ತ್ರಗಳು ಸೇರಿ ನನ್ನನ್ನು ಒಳಗಿಟ್ಟು ಬೀಗ ಹಾಕಿದ್ದವು, ಎರಡು ಮನೆಯ ದೊಡ್ಡವರಲ್ಲಿ ಒಬ್ಬರಿಗೂ ಅದು ಮೊದಲೇ ಹೊಳೆದಿರಲಿಲ್ಲ.

"ಮತ್ತೆ ಹೆರಿಗೆ?" ಅಂತ ಕೇಳಿದೆ.

"ಇಲ್ಲೇ ಆಯ್ತದೆ. ನಾನ್ ಹೆತ್ತಿಲ್ವಾ ಮೂರ?" ಅಂದರು ಅತ್ತೆ.

ಗಂಡ, "ಅವ್ವ ಹೇಳ್ತದೆ ಅಷ್ಟೇ. ಟೈಮ್ ಬಂದಾಗ ನಾನ್ ಗಾಡೀಲಿ ಆಸ್ಪತ್ರೆಗೆ ಕರ್ಕೊಂಡೋಯ್ತೀನಿ, ಸುಮ್ಕಿರು" ಅಂದ. ಸೇತುವೆ ಮುಳುಗಿದ್ದರೆ ಗಾಡಿ ಎಲ್ಲಿ ಹೋಗುತ್ತದೆ ಅಂತ ಕೇಳಿದ್ದಕ್ಕೆ ಎದ್ದು ದನಗಳಿಗೆ ಹುಲ್ಲು ಹಾಕಲು ಹೋದ. ಅವತ್ತಿನಿಂದ ಕೂಸು ಒಳಗೆ ಒದ್ದರೆ ಸಂತೋಷಪಡುವ ಬದಲು, ಈಗಲೇ ಬರಬೇಡವೋ ಅಂತ ಬೇಡಿಕೊಳ್ಳುತ್ತಿದ್ದೆ.

ಶ್ರಾವಣದ ಮೊದಲ ವಾರ ಮಳೆ ನಮ್ಮಲ್ಲಿ ಹನಿಯೂ ಬೀಳಲಿಲ್ಲ. ಬಿಸಿಲು ಚೆನ್ನಾಗಿತ್ತು, ಬಾಳೆ ಎಲೆಗಳು ಮಿರಮಿರ ಅನ್ನುತ್ತಿದ್ದವು. ಮಳೆಯೆಲ್ಲ ಮೇಲೆ, ಕೊಡಗಿನಲ್ಲಿ. ಒಂದು ಬೆಳಿಗ್ಗೆ ಹಿತ್ತಿಲಿನಲ್ಲಿ ಮುಖ ತೊಳೆಯುತ್ತಿದ್ದವಳಿಗೆ ಹೊಳೆಯ ಸದ್ದು ಕೇಳಿಸಲಿಲ್ಲ. ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಮೆಟ್ಟಿಲಿಗೆ ಹೋಗಿ ನೋಡಿದರೆ ಕಂಬದ ತಲೆ ಮಾತ್ರ ಇತ್ತು, ಅದರ ಸುತ್ತ ಕೆಂಪು ನೀರು ಒಂದೇ ಸಮ ತಿರುಗುತ್ತಿತ್ತು. ನಾನು ಮನೆಗೆ ವಾಪಸ್ಸು ಬರುವಷ್ಟರಲ್ಲಿ ಸೇತುವೆ ಮುಳುಗಿತು ಅನ್ನುವ ಸುದ್ದಿ ನನಗಿಂತ ಮೊದಲೇ ಬಂದಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಅಗ್ನಿಶಾಮಕದವರ ರಬ್ಬರ್ ದೋಣಿ ಬಂತು. ಬಂದವರು ಬೀದಿಯಲ್ಲಿ ಕೂಗಿ ಹೇಳಿದರು: ಬಸುರಿ ಬಾಣಂತಿಯರು, ಮಕ್ಕಳು ಮೊದಲು ಬರಲಿ, ನೀರು ಇನ್ನೂ ಏರುತ್ತದೆ, ಮತ್ತೊಂದು ಸಲ ಬರಲಾಗುತ್ತದೋ ಇಲ್ಲವೋ ಗೊತ್ತಿಲ್ಲ. ನಾನು ಆಗಲೇ ಒಂದು ಚೀಲದಲ್ಲಿ ಸೀರೆ, ಆಸ್ಪತ್ರೆಯ ಕಾರ್ಡು ತುಂಬಿಕೊಂಡಿದ್ದೆ.

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಎಂಟರ ಬಸುರಿ. ಅದೂ ತಾಯಿ ತುಂಬಿ ಅರೀವಾಗ. ಬ್ಯಾಡ ಕಣವ್ವ."

"ಅತ್ತೆ, ನೀರು ಮನೆಗೆ ಬಂದರೆ?"

"ನಾನ್ ಮದ್ವೆಯಾಗಿ ಬಂದಾಗಿಂದ ಮನೆಗ್ ಬಂದಿಲ್ಲ."

"ನಾನು ನಿಮ್ಮಷ್ಟು ದಿನ ಕಾಯಕ್ಕಾಗಲ್ಲ!"

ಅದು ಕಿರುಚಿದ ದನಿ. ಆ ಮನೆಯಲ್ಲಿ ಅತ್ತೆಯ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು. ದೋಣಿಯವರು ಬೇರೆ ಕಡೆ ನೋಡಿದರು. ಗಂಡ ನನ್ನ ಮುಖ ಒಮ್ಮೆ, ಅವ್ವನ ಮುಖ ಒಮ್ಮೆ ನೋಡಿ, ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯಂತೆ ನಿಂತಿದ್ದ. ನನಗೆ ಅಳು ಬಂತು, ಆದರೆ ಚೀಲ ಬಿಡಲಿಲ್ಲ. "ಈ ಕೂಸಿಗೆ ಏನಾದರೂ ಆದರೆ ನಿಮ್ಮ ಶಾಸ್ತ್ರ ತಂದುಕೊಡ್ತದಾ?" ಅಂದೆ.

ಅತ್ತೆ ಒಳಗೆ ಹೋಗಿ ಒಂದು ಕೊಡ ಎತ್ತಿಕೊಂಡು ಬೀದಿಯ ಕೊನೆಗೆ, ನೀರು ಬಂದು ನಿಂತಿದ್ದಲ್ಲಿಗೆ ಇಳಿದರು. ಮುನಿಸಿಕೊಂಡು ಹೋದರು ಅಂದುಕೊಂಡೆ. ಕೆಂಪು ನೀರು ತುಂಬಿಕೊಂಡು ವಾಪಸ್ಸು ಬಂದರು. ನನ್ನನ್ನು ಜಗಲಿಯಿಂದ ಇಳಿಸಿ ಇಳಿಜಾರಿನಲ್ಲಿ ನಿಲ್ಲಿಸಿದರು. "ಅಲ್ಲಾಡ್ಬೇಡ" ಅಂದರು. ನನ್ನ ಬಲಗಡೆ ನಿಂತು ಕೊಡವನ್ನು ನಿಧಾನವಾಗಿ ಬಗ್ಗಿಸಿದರು. ನೀರು ತಣ್ಣಗೆ ನನ್ನ ಪಾದಗಳ ಮೇಲೆ ಹರಿದು, ಎಡಗಡೆಯ ಮಣ್ಣಿಗೆ ಇಳಿದು ಚರಂಡಿಗೆ ಹೋಯಿತು.

"ನೋಡು, ತಾಯೇ ನಿನ್ನ ದಾಟುದ್ಲು. ಇನ್ನು ನೀನು ಅವ್ಳ ದಾಟುದ್ರೆ ಲೆಕ್ಕಕ್ಕಿಲ್ಲ. ಓಗು."

"ಇದು ಯಾವ ಶಾಸ್ತ್ರ ಅತ್ತೆ?"

"ನಂದೇ" ಅಂದರು. "ಬಿರ್ರನೆ ಓಗವ್ವ, ದೋಣಿಯೋರು ಕಾಯ್ತಾವ್ರೆ."

ಅತ್ತೆ ಬರಲಿಲ್ಲ. ದನಗಳನ್ನು ಬಿಟ್ಟು ಬರುವವರಲ್ಲ. ನನ್ನ ಗಂಡನನ್ನು ಅವರೇ ದೋಣಿಗೆ ದಬ್ಬಿದರು, ಹೆಂಡತಿಯನ್ನು ದಡ ಮುಟ್ಟಿಸಿ ಮುಂದಿನ ದೋಣಿಗೆ ಬಾ ಅಂತ. ದೋಣಿಯಲ್ಲಿ ನಾನು ಕಣ್ಣು ಬಿಡಲಿಲ್ಲ. ಎರಡೂ ಕೈ ಹೊಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದವು. ಮರದ ಕೊಂಬೆಯೊಂದು ದೋಣಿಗೆ ತಗುಲಿದಾಗ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡದ್ದು ಕೇಳಿಸಿತು. ದಡದಲ್ಲಿ ಯಾರೋ ಕೈ ಹಿಡಿದು ಎಳೆದುಕೊಂಡ ಮೇಲೆ ಕಣ್ಣು ತೆರೆದೆ. ಹೊಟ್ಟೆಯೊಳಗೆ ಒದೆತ ಬಿತ್ತು. ಅಷ್ಟು ಖುಷಿ ನನಗೆ ಜೀವನದಲ್ಲಿ ಆಗಿರಲಿಲ್ಲ.

ಆ ಖುಷಿ ಸಂಜೆಯವರೆಗೂ ಉಳಿಯಲಿಲ್ಲ. ಹೊಳೆಯ ಸೆಳೆತ ಜಾಸ್ತಿಯಾಗಿ ಮುಂದಿನ ದೋಣಿ ಹೋಗಲೇ ಇಲ್ಲ. ನಾವು ಈ ಕಡೆ, ಅತ್ತೆ ಆ ಕಡೆ.

ನಮ್ಮನ್ನು ಒಂದು ಶಾಲೆಯಲ್ಲಿ ಇಟ್ಟಿದ್ದರು. ಬೆಂಚುಗಳನ್ನು ಗೋಡೆಗೆ ಒತ್ತರಿಸಿ ಚಾಪೆ ಹಾಸಿದ್ದರು, ಹೊತ್ತು ಹೊತ್ತಿಗೆ ಅನ್ನ ಸಾರು ಬರುತ್ತಿತ್ತು. ನರ್ಸಮ್ಮ ಬಂದು ಪರೀಕ್ಷೆ ಮಾಡಿ, ಕೂಸು ಚೆನ್ನಾಗಿದೆ ಅಂದರು. ನಾನು ಹೂಂ ಅಂದೆ, ಕಿವಿ ಗಂಡನ ಫೋನಿನ ಮೇಲಿತ್ತು. ನಡುಗಡ್ಡೆಗೆ ಕರೆಂಟು ಕಡಿತವಾಗಿ ಅತ್ತೆಯ ಫೋನು ಸತ್ತಿತ್ತು. ಊರಲ್ಲೇ ಉಳಿದ ಒಬ್ಬರು ಮಾತ್ರ ಟ್ರಾಕ್ಟರಿನ ಬ್ಯಾಟರಿಗೆ ಫೋನು ಹಾಕಿಕೊಂಡು, "ಎಲ್ಲಾ ಚೆನ್ನಾಗವ್ರೆ" ಅಂತ ಹೇಳಿದ್ದರು. ಎಲ್ಲಾ ಅಂದರೆ ಅತ್ತೆಯೂ ಸೇರಿದಂತೆಯೋ, ಇಲ್ಲಾ ಕಂಡವರು ಮಾತ್ರವೋ? ಗಂಡ ದಡಕ್ಕೆ ಹೋಗಿ ನಿಲ್ಲುತ್ತಿದ್ದ. ಬಂದು, "ತೆಂಗಿನ ತಲೆ ಕಾಣ್ತಾವೆ" ಅನ್ನುತ್ತಿದ್ದ. ಕೌದಳ್ಳಿ ಕೋಳಿ ಅನ್ನುವ ಮಾತು ಅವನ ಬಾಯಿಗೆ ಬರಲೇ ಇಲ್ಲ. ಅತ್ತೆಯ ಮೇಲೆ ನಾನು ಕಿರುಚಿದ್ದೇ ಅವರಿಗೆ ಕೊನೆಯ ನೆನಪಾಗಿಬಿಟ್ಟರೆ ಅನ್ನುವುದು ನನ್ನ ಎದೆಯಲ್ಲಿ ಕೂತಿತ್ತು.

ಮಾರನೇ ದಿನ ಅಪ್ಪ ಹನೂರಿನ ಬಸ್ಸು ಹಿಡಿದು ಓಡಿ ಬಂದ. ನನ್ನನ್ನು ಕಂಡು ಅತ್ತ. ಅಳು ನಿಂತ ಮೇಲೆ ತಲೆ ಕೆರೆದುಕೊಂಡು, "ಎಂಟರಲ್ಲಿ ಎಂಗ್ ಮಗಾ ಕರ್ಕೊಂಡೋಗದು? ಒಂಬತ್ತು ಬೀಳ್ಲಿ ಅಂತಾಳೆ ನಿಮ್ಮವ್ವ" ಅಂದ. ಸುತ್ತ ಕೂತಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ನನಗೆ ನಗು, ಸಿಟ್ಟು ಎರಡೂ ಒಟ್ಟಿಗೆ ಬಂತು. "ಕರೆದರೂ ನಾನು ಬರಲ್ಲಪ್ಪ. ಅತ್ತೆಯ ಸುದ್ದಿ ತಿಳೀದೆ ನಾನು ಎಲ್ಲಿಗೂ ಬರಲ್ಲ" ಅಂದೆ. ಅಪ್ಪನೂ ನಮ್ಮ ಜೊತೆ ಉಳಿದುಕೊಂಡ.

ನೀರು ಇಳಿಯುವುದಕ್ಕೆ ಏರಿದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು. ಸೇತುವೆ ನೀರಿನಿಂದ ಮೇಲೆದ್ದ ದಿನ ಗಂಡ ಬೆಳಿಗ್ಗೆಯೇ ಓಡಿದ. ನಾನು ಶಾಲೆಯ ಬಾಗಿಲಲ್ಲಿ ಕೂತಿದ್ದೆ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಗೇಟಿನಲ್ಲಿ ಕಂಡರು. ಅತ್ತೆಯ ಸೀರೆ ಮೊಣಕಾಲಿನವರೆಗೂ ಕೆಸರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ನಾನು ಗಡಿಬಿಡಿಯಲ್ಲಿ ಬಿಟ್ಟುಬಂದಿದ್ದ ಕಬ್ಬಿಣದ ಮಾತ್ರೆಗಳು. ಬಂದವರೇ ನನ್ನ ಪಕ್ಕ ಕುಸಿದು ಕೂತು ಹೊಟ್ಟೆಯ ಮೇಲೆ ಕೈಯಿಟ್ಟರು. ಕೂಸು ಅಲ್ಲಾಡುವವರೆಗೂ ಕೈ ತೆಗೆಯಲಿಲ್ಲ.

ನೀರು ಮನೆಯ ಹೊಸ್ತಿಲಿಗೆ ಬಂದು ನಿಂತಿತ್ತಂತೆ, ಒಳಗೆ ಬರಲಿಲ್ಲವಂತೆ. ದನಗಳು ಚೆನ್ನಾಗಿವೆಯಂತೆ. ಅದನ್ನೆಲ್ಲ ಗಂಡ ಹೇಳಿದ. ಅತ್ತೆ ಮತ್ತೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡರು.

"ಹೆದರಿಕೆ ಆಯ್ತಾ ಅತ್ತೆ?" ಅಂತ ಕೇಳಿದೆ.

ಅವರು ಹೇಳಿದರು: "ಇಷ್ಟ್ ವರ್ಸ ತಾಯಿ ಎಷ್ಟ್ ಸತಿ ಬಂದ್ಲೋ. ನನ್ನೋರೆಲ್ಲ ಒಂದೇ ಕಡೆ ಇದ್ರು. ಬಂದ್ರೆ ಎಲ್ರಿಗೂ ಬತ್ತದೆ ಅಂತ ಇದ್ಬುಡ್ತಿದ್ದೆ. ಈ ಸತಿ ನನ್ ಜೀವಗೋಳೆಲ್ಲ ಈ ಕಡೆ, ನಾನೊಬ್ಳೇ ಆ ಕಡೆ ಕಣವ್ವ. ಕಣ್ಣ ಮುಚ್ಚಕ್ಕಾಗ್ಲಿಲ್ಲ. ಎದ್ರಿಕೆ ಅಂದ್ರೆ ಇದೇನಾ ಅಂದ್ಕಂಡೆ."

ಕೌದಳ್ಳಿಯಿಂದ ಬಂದ ದಿನದಿಂದಲೂ ನನಗಿದ್ದದ್ದು ಅದೇ ಅಂತ ಹೇಳಬಹುದಿತ್ತು. ಬದಲಿಗೆ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಅವರಿಗೆ ಜಾಗ ಮಾಡಿದೆ. ಅತ್ತೆ ಕೆಸರು ಕಾಲಿನಲ್ಲೇ ಮಲಗಿ, ನನ್ನ ಸೆರಗಿನ ತುದಿ ಹಿಡಿದುಕೊಂಡು ನಿದ್ದೆ ಹೋದರು.