ನೀರು ಮೂಸುತ್ತಿದ್ದ ಅತ್ತೆ

ಗಿರಿಜತ್ತೆ ಕುಣಿಗಲ್ಲಿನ ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಟ್ಟವಳೇ, ಯಾರನ್ನೂ ಮಾತಾಡಿಸದೆ, ನೇರ ಅಕ್ವೇರಿಯಂ ಹತ್ತಿರ ಹೋಗಿ ಮುಚ್ಚಳ ಎತ್ತಿ ನೀರು ಮೂಸುತ್ತಿದ್ದಳು. ಕಣ್ಣು ಮುಚ್ಚಿಕೊಂಡು, ಒಲೆಯ ಮೇಲಿನ ಸಾರಿನ ಘಮ ಹಿಡಿಯುವವರ ಹಾಗೆ. ಬಳೆ ಮೇಲಕ್ಕೆ ಸರಿಸಿ ಕೈಯನ್ನು ಮೊಣಕೈವರೆಗೂ ಇಳಿಸಿ, ಬೆರಳಿಗೆ ಬೆರಳು ತಿಕ್ಕಿ ನೋಡುತ್ತಿದ್ದಳು. ಅದೆಲ್ಲ ಮುಗಿದ ಮೇಲೆ "ಹೂಂ, ಹೇಗಿದೀರ ಎಲ್ಲಾ?" ಅಂತ ಕೇಳುವಳು. ಕೇಳುತ್ತಿದ್ದುದು ನಮ್ಮನ್ನೋ ಮೀನನ್ನೋ ಎಂದು ತಿಳಿಯುತ್ತಿರಲಿಲ್ಲ.

ಹೀಗೆ ಬರೆದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಪ್ರತಿ ಸಲವೂ ಹೀಗೇ ಮಾಡುತ್ತಿದ್ದಳೇ? ಒಂದೆರಡು ಸಲ ಮಾಡಿದ್ದನ್ನು ನನ್ನ ನೆನಪು ಅವಳ ಅಭ್ಯಾಸವಾಗಿಸಿರಬಹುದು. ನಾನು ದಿನಚರಿ ಬರೆಯುವವಳು, ನಿಜ. ಆದರೆ ಅಪ್ಪನಿಗೆ ಹುಷಾರಿಲ್ಲದ ಆ ತಿಂಗಳುಗಳ ಪುಟಗಳಲ್ಲಿ ಮಾತ್ರೆಗಳ ಹೆಸರು ಬಿಟ್ಟರೆ ಏನೂ ಇಲ್ಲ. ಹಾಗಾಗಿ ಇಲ್ಲಿ ಬರುವ ಕೆಲವು ಸಂಗತಿಗಳು ತಪ್ಪಿರಬಹುದು. ಒಂದು ಸಂಗತಿಯಂತೂ ನನ್ನೊಳಗೆ ಎರಡು ಥರ ಇದೆ. ಅದು ಆಮೇಲೆ.

ಅತ್ತೆ ಅಂದರೆ ಅಪ್ಪನ ತಂಗಿ. ಮನೆ ಗುಬ್ಬಿಯಲ್ಲಿ. ತುಮಕೂರಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದಳು, ದಿನಾ ರೈಲಿನಲ್ಲಿ ಓಡಾಟ. ನಿವೃತ್ತಿಯಾದಾಗ ಜೊತೆಯವರು ಶಾಲು, ಹಾರದ ಜೊತೆಗೆ ಒಂದು ಅಕ್ವೇರಿಯಂ ಕೊಟ್ಟರು. ಅದರ ಮೀನುಗಳು ಒಂದೊಂದಾಗಿ ಸತ್ತವು. ಬೇರೆ ಯಾರಾದರೂ ಆಗಿದ್ದರೆ ಆ ಗಾಜಿನ ಪೆಟ್ಟಿಗೆ ಅಟ್ಟ ಸೇರುತ್ತಿತ್ತು. ಇವಳಿಗೆ ಅವಮಾನವಾಯಿತು. "ಇಷ್ಟು ವರ್ಷ ಮಕ್ಕಳ ಕೈಲಿ ಟೈಟ್ರೇಶನ್ ಮಾಡ್ಸಿದೀನಿ, ಒಂದು ಪೆಟ್ಟಿಗೆ ನೀರು ನೋಡ್ಕೊಳ್ಳಕ್ಕಾಗ್ಲಿಲ್ವಲ್ಲ ಕಣೇ ಉಮಾ" ಎಂದು ನನ್ನೆದುರು ಹಣೆ ಚಚ್ಚಿಕೊಂಡಳು. ಸತ್ತ ಮೀನುಗಳ ಬಗ್ಗೆ ಅವಳು ಹೆಚ್ಚು ಮಾತಾಡಿದ್ದು ನೆನಪಿಲ್ಲ. ಮಾತೆಲ್ಲ ನೀರಿನದೇ.

ಅಲ್ಲಿಂದ ಮುಂದೆ ಅವಳ ಬ್ಯಾಗಿನಲ್ಲಿ ಒಂದು ರಬ್ಬರ್ ಪೈಪು, ಥರ್ಮಾಮೀಟರು, ನೀರು ಪರೀಕ್ಷಿಸುವ ಪುಟ್ಟ ಶೀಶೆಗಳು ಸದಾ ಇರುತ್ತಿದ್ದವು. ಪರಿಚಯದವರು, ಅವರ ಪರಿಚಯದವರು ಕರೆಯತೊಡಗಿದರು. ಕರೆಯುತ್ತಿದ್ದವರೆಲ್ಲ ದೊಡ್ಡ ಮೀನಿನವರೇ. "ಸಣ್ಣ ಮೀನು ಸತ್ರೆ ಜನ ಇನ್ನೊಂದು ತರ್ತಾರೆ. ದೊಡ್ಡದು ಹಂಗಲ್ಲ. ಅಷ್ಟೊತ್ತಿಗೆ ಅದಕ್ಕೊಂದು ಹೆಸರು ಬಂದಿರುತ್ತೆ, ಮನೇಲಿ ಒಂದು ಮರ್ಯಾದೆ ಬಂದಿರುತ್ತೆ" ಎನ್ನುತ್ತಿದ್ದಳು.

ನಾನು ತುಮಕೂರಿನಲ್ಲಿ ಎಂ.ಎ. ಓದುತ್ತಿದ್ದಾಗ ಒಮ್ಮೆ ಅವಳ ಜೊತೆ ಒಬ್ಬ ಪಾತ್ರೆ ವ್ಯಾಪಾರಿಯ ಮನೆಗೆ ಹೋಗಿದ್ದೆ. ನಡುಮನೆಯನ್ನೇ ತುಂಬುವಂತಿದ್ದ ಗಾಜಿನ ತೊಟ್ಟಿಯಲ್ಲಿ ಒಂದು ಅರೋವಾನಾ, ಕತ್ತಿಯ ಹಾಗೆ ಉದ್ದಕ್ಕೆ ಹೊಳೆಯುವ ಮೀನು. ಅದರ ಕಣ್ಣಿಗೆ ಬಿಳಿ ಪೊರೆ ಬಂದಿತ್ತು. ಯಜಮಾನರು ಮೀನಂಗಡಿಯವರು ಕೊಟ್ಟ ನೀಲಿ ಔಷಧಿ ಹುಯ್ದು ಹುಯ್ದು ನೀರು ಶಾಯಿಯಂತಾಗಿತ್ತು.

"ಔಷಧಿ ಇರ್ಲಿ ಸಾರ್. ಫಿಲ್ಟರ್ ಯಾವಾಗ ತೊಳೆದ್ರಿ?"

"ಅದ್ರಲ್ಲಿ ನಮ್ದು ತಪ್ಪೇ ಇಲ್ಲ ಮೇಡಂ! ಸ್ಪಂಜನ್ನ ನಲ್ಲಿ ಕೆಳಗೆ ಹಿಡಿದು ಫಳಫಳ ಅನ್ನೋ ಹಂಗೆ ತೊಳ್ದಿದೀವಿ. ಪಾತ್ರೆ ಅಂಗ್ಡಿಯೋರು ನಾವು, ತೊಳೆಯೋದು ನಮಗೆ ಹೇಳ್ಕೊಡ್ಬೇಕಾ?"

ಅತ್ತೆ ಸ್ಪಂಜು ಕೈಗೆ ತೆಗೆದುಕೊಂಡು ಸತ್ತವರ ಮನೆಯಲ್ಲಿ ನಿಂತ ಹಾಗೆ ನಿಂತಳು. "ಮದುವೆ ಮನೇಲಿ ಎಲೆ ಎತ್ತೋರನ್ನ ಊಟಕ್ಕೆ ಮುಂಚೆನೇ ಕಳಿಸಿಬಿಟ್ರೆ ಏನಾಗುತ್ತೆ ಸಾರ್? ಪಂಕ್ತಿ ಮೇಲೆ ಪಂಕ್ತಿ ಊಟ ನಡೀತಾನೇ ಇರುತ್ತೆ, ಎಂಜಲೆಲೆ ಅಲ್ಲೇ ಬಿದ್ದಿರುತ್ತೆ. ಈ ಸ್ಪಂಜಲ್ಲಿದ್ವಲ್ಲ ಕಣ್ಣಿಗೆ ಕಾಣದ ಜೀವಗಳು, ಅವೇ ಎಲೆ ಎತ್ತೋರು. ನೀವು ಕ್ಲೋರಿನ್ ನೀರಲ್ಲಿ ಎಲ್ರನ್ನೂ ತೊಳೆದು ಕಳಿಸಿದ್ರಿ."

ವ್ಯಾಪಾರಿ ಒಂದು ಕ್ಷಣ ಯೋಚಿಸಿ, "ಹಂಗಾದ್ರೆ ಅವ್ರನ್ನ ವಾಪಸ್ ಕರೆಸೋದು ಹೆಂಗೆ?" ಎಂದರು, ಮದುವೆಯ ಕಂಟ್ರಾಕ್ಟರನ್ನು ಕೇಳುವ ಧಾಟಿಯಲ್ಲಿ. ಅತ್ತೆಗೆ ಆ ಪ್ರಶ್ನೆ ಬಹಳ ಇಷ್ಟವಾಯಿತು. ಡ್ರಮ್ಮಿನಲ್ಲಿ ಒಂದು ದಿನ ತೆರೆದಿಟ್ಟು ಕ್ಲೋರಿನ್ ಹಾರಿಸಿದ ನೀರು, ಅದನ್ನೂ ಸ್ವಲ್ಪ ಸ್ವಲ್ಪವೇ ಬದಲಾಯಿಸುವುದು, ಕಡಿಮೆ ಊಟ, ಸ್ಪಂಜನ್ನು ಇನ್ನು ಮೇಲೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡುವುದು. ಕಣ್ಣಿನ ಪೊರೆ ಹೋಯಿತು ಅಂತ ಆಮೇಲೆ ಕೇಳಿದೆ. ಅವಳೇ ಹೇಳಿದ್ದು, ನಾನು ನೋಡಿಲ್ಲ.

ಇನ್ನು ನಮ್ಮ ಭೀಮನ ವಿಷಯ.

ಭೀಮ ಒಂದು ಆಸ್ಕರ್ ಮೀನು. ಹೆಬ್ಬೆರಳಷ್ಟಿದ್ದಾಗ ಅಪ್ಪ ತುಮಕೂರಿನಿಂದ ತಂದಿದ್ದ. ಗೇಣುದ್ದಕ್ಕೂ ಮೀರಿ ಬೆಳೆದು, ಅಪ್ಪ ಹಾಲಿಗೆ ಬಂದರೆ ಸಾಕು, ಗಾಜಿಗೆ ಮೂತಿ ಒತ್ತಿ ಇಡೀ ಮೈ ಕುಣಿಸುತ್ತಿತ್ತು. ತೊಟ್ಟಿ ಮಾತ್ರ ಹಳೆಯದೇ. "ಎಮ್ಮೇನ ಕೋಳಿಗೂಡಲ್ಲಿ ಕಟ್ಟಿದೀಯಲ್ಲೋ ಅಣ್ಣ" ಎಂದು ಅತ್ತೆ ಬೈಯುತ್ತಿದ್ದಳು. ಅಪ್ಪ ಎದೆನೋವು ಬಂದು, ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಹೊತ್ತಿಗೆ ಭೀಮನ ತಲೆಯಲ್ಲಿ ತೂತು ಕಾಣಿಸಿತು. ಮೊದಲು ಸೂಜಿಯಲ್ಲಿ ಚುಚ್ಚಿದಂತೆ. ಆಮೇಲೆ ಕಣ್ಣುಗಳ ಮೇಲ್ಭಾಗದಲ್ಲಿ ಸಾಸಿವೆ ಕೂರುವಷ್ಟು ಗುಳಿಗಳು, ಅಂಚು ಬೆಳ್ಳಗೆ. ತಿನ್ನುವುದು ಬಿಟ್ಟು ಮೂಲೆ ಹಿಡಿದು ಕಪ್ಪಾಗಿ ನಿಂತಿತು.

ಹುತ್ರಿದುರ್ಗದ ಕಡೆಯವಳಾದ ನನ್ನಜ್ಜಿಗೆ, ಅಂದರೆ ಅಪ್ಪನ ಮತ್ತು ಅತ್ತೆಯ ತಾಯಿಗೆ, ಇದರಲ್ಲಿ ಒಗಟೇ ಇರಲಿಲ್ಲ. "ನನ್ನ ಮಗಂಗೆ ಬಂದಿದ್ದನ್ನ ಇದು ತಗಂಡದೆ" ಎಂದಳು. ಮನೆಗೆ ಬರುವ ಕಂಟಕವನ್ನು ಮೀನು ತನ್ನ ಮೇಲೆ ಎಳೆದುಕೊಳ್ಳುತ್ತದೆ ಎಂಬ ಮಾತನ್ನು ಮೀನು ಸಾಕುವ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಅಜ್ಜಿ ಅದನ್ನು ಬರೀ ನಂಬಲಿಲ್ಲ, ಋಣ ತೀರಿಸಲು ಹೊರಟಳು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ತೊಟ್ಟಿಗೆ ಕೈಮುಗಿದು ನೀರಿಗೆ ವಿಭೂತಿ ಹಾಕುತ್ತಿದ್ದಳು, ಕಲ್ಯಾಣಿಯ ಮೀನುಗಳಿಗೆ ಎಸೆಯುವಂತೆ ಒಂದು ಹಿಡಿ ಪುರಿಯನ್ನೂ.

ಅತ್ತೆ ಬಂದಳು. ಮೂಸಿದಳು. ಈ ಸಲ ಕಣ್ಣು ತೆರೆದವಳು ಯಾರನ್ನೂ ಹೇಗಿದೀರ ಅನ್ನಲಿಲ್ಲ. ಶೀಶೆಗಳನ್ನು ಸಾಲಾಗಿಟ್ಟು ಬಣ್ಣ ನೋಡಿದಳು. ತಳದ ಕಲ್ಲುಗಳ ಮೇಲೆ ಬೂದಿಯ ತೆಳು ಪದರ, ನಡುವೆ ಉಬ್ಬಿ ಕೊಳೆತ ಪುರಿ.

"ನೀರಿಗೆ ಏನ್ ಹಾಕ್ತಿದೀರ?"

"ನಾನೇ ಕಣೇ, ವಿಭೂತಿ" ಎಂದಳು ಅಜ್ಜಿ. "ಏನೀಗ? ಮನುಷ್ರಿಗೆ ಹಚ್ಚಲ್ವ?"

"ಮನುಷ್ರಿಗೆ ಹಣೆಗೆ ಹಚ್ತೀಯ ಅವ್ವ. ಇದಕ್ಕೆ ಶ್ವಾಸಕ್ಕೇ ಹಾಕ್ತಿದೀಯ."

"ಓದಿದ್ದು ಹೆಚ್ಚಾಯ್ತು ನಿಂಗೆ."

ಅತ್ತೆ ಅಡುಗೆಮನೆಗೆ ಬಂದು ನನ್ನ ಹತ್ತಿರ ಪಿಸುಗುಟ್ಟಿದಳು. ಮೀನು ವಿಸರ್ಜಿಸಿದ್ದು, ಕೊಳೆತ ಪುರಿ, ಎಲ್ಲ ಸೇರಿ ನೀರಿನಲ್ಲಿ ಅಮೋನಿಯಾ ಆಗುತ್ತದೆ. ಬೂದಿ ಕ್ಷಾರ. ನೀರು ಕ್ಷಾರವಾದಷ್ಟೂ ಅಮೋನಿಯಾ ಹೆಚ್ಚು ವಿಷ. "ತಲೆ ತೂತಿಗೆ ಇದೇ ಕಾರಣ ಅಂತ ನಾನು ಆಣೆ ಮಾಡಲ್ಲ. ಅದು ಯಾಕೆ ಬರುತ್ತೆ ಅಂತ ಯಾರಿಗೂ ಪೂರ್ತಿ ಗೊತ್ತಿಲ್ಲ. ನೀರು ಸರಿಹೋದ್ರೆ ಮುಚ್ಕೊಳ್ಳೋದನ್ನ ನೋಡಿದೀನಿ, ಅಷ್ಟೇ. ಆದ್ರೆ ಇದನ್ನೆಲ್ಲ ಅವ್ವಂಗೆ ಹೇಳ್ಬೇಡ. ಮಗನ್ನ ಉಳಿಸ್ಕೊಂಡೆ ಅಂತ ಅನ್ಕೊಂಡಿದಾಳೆ ಪಾಪ."

ಹಾಲಿಗೆ ಬಂದು ಅವಳು ಪೈಪು ಬಿಚ್ಚಿದಾಗ ಅಜ್ಜಿ ಅಡ್ಡ ನಿಂತಳು. ಅಪ್ಪ ಮಲಗಿದ್ದ ಕೋಣೆಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. "ವಾಸಿ ಮಾಡ್ಬೇಡ ಕಣೇ ಗಿರಿಜಾ. ಅದು ಹೋದ್ರೆ ಹೋಗ್ಲಿ ಬುಡು. ಅದ್ರಿಂದ ಬುಡ್ಸಿದ್ರೆ ಆ ಕಂಟಕ ವಾಪಸ್ ಯಾರ್ ಮೈಗೆ ಬರ್ತದೆ, ಹೇಳು?"

ಅಲ್ಲಿಯವರೆಗೂ ಅಜ್ಜಿಯದು ಭಕ್ತಿ ಅಂದುಕೊಂಡಿದ್ದೆ. ಅದು ಭಯವಾಗಿತ್ತು. ಅತ್ತೆ ನಗಲಿಲ್ಲ, ಪಾಠವನ್ನೂ ಮಾಡಲಿಲ್ಲ. ಪೈಪನ್ನು ಕೈಗೆ ಸುತ್ತಿಕೊಳ್ಳುತ್ತಾ ನಿಂತಳು. ಆಮೇಲೆ, ಇದನ್ನು ಸರಿಯಾಗಿಯೇ ನೆನಪಿಟ್ಟಿದ್ದೇನೆ ಅಂದುಕೊಂಡಿದ್ದೇನೆ, "ಅಣ್ಣಂಗೆ ಯಾಕೆ ಬರುತ್ತೆ ಅವ್ವ? ಮೀನಿಂದ ಅದು ನೀರಿಗೆ ಇಳಿಯುತ್ತೆ. ನೀರು ತೆಗೆದು ಆಚೆ ಹಾಕಿದ್ರೆ ಮುಗೀತು" ಎಂದಳು. ರಸಾಯನಶಾಸ್ತ್ರದ ಪ್ರಕಾರ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆ ಕ್ಷಣದಲ್ಲಿ ಅಜ್ಜಿಗಾಗಿ ಮಾತು ಹೊಂದಿಸಿದಳೋ, ಎಷ್ಟೋ ದಿನದಿಂದ ತನಗೂ ಹಾಗೇ ಅನ್ನಿಸಿತ್ತೋ?

ಅಜ್ಜಿ ಕೇಳಿದಳು. "ಆಚೆ ಅಂದ್ರೆ ಎಲ್ಲಿ? ನಮ್ ಹಿತ್ತಲಲ್ಲಾ?"

ನನ್ನೊಳಗೆ ಎರಡು ಥರ ಇರುವುದು ಇದರ ಮುಂದಿನದು. ಒಂದರಲ್ಲಿ ಅತ್ತೆ ನಗುತ್ತಾ, "ಬೇಡ ಬಿಡು, ನನ್ನ ಕರಿಬೇವಿಗೆ ಹಾಕ್ತೀನಿ, ಒಳ್ಳೆ ಗೊಬ್ಬರ" ಎನ್ನುತ್ತಾಳೆ. ಇನ್ನೊಂದರಲ್ಲಿ ಅಜ್ಜಿ ಮುಖ ಆಚೆ ತಿರುಗಿಸಿ, "ನೀನೇ ತಗಂಡೋಗು" ಎನ್ನುತ್ತಾಳೆ. ಎರಡೂ ಅವರವರ ದನಿಯಲ್ಲೇ ಕೇಳಿಸುತ್ತವೆ. ಅಪ್ಪ ನಿದ್ದೆಯಲ್ಲಿದ್ದ. ಅಲ್ಲಿದ್ದವರು ನಾವು ಮೂವರೇ.

ನೀರಂತೂ ಗುಬ್ಬಿಗೆ ಹೋಯಿತು. ಅತ್ತೆ ಒಮ್ಮೆಗೇ ಎಲ್ಲ ನೀರು ಬದಲಾಯಿಸುವವಳಲ್ಲ. "ಕೆಟ್ಟ ನೀರಿಗೂ ಮೀನು ಒಗ್ಗಿರುತ್ತೆ. ಅದನ್ನ ಫಟ್ ಅಂತ ಒಳ್ಳೇದಕ್ಕೆ ಹಾಕಿದ್ರೂ ಸಾಯುತ್ತೆ" ಎನ್ನುತ್ತಿದ್ದಳು. ಕಾಲು ಭಾಗ ತೆಗೆದು, ಡ್ರಮ್ಮಿನ ನೀರು ತುಂಬಿ, ತೆಗೆದದ್ದನ್ನು ಕ್ಯಾನುಗಳಲ್ಲಿ ಕಾರಿನ ಡಿಕ್ಕಿಗೆ ಇಟ್ಟುಕೊಂಡು ಹೊರಡುವಳು. ಕೆಲವು ದಿನ ಬಿಟ್ಟು ಮತ್ತೆ ಬರುವಳು. ಅಜ್ಜಿ ವಿಭೂತಿಯನ್ನು ತೊಟ್ಟಿಯ ಗಾಜಿನ ಹೊರಗೆ ಮೂರು ಬೆರಳಲ್ಲಿ ಬಳಿಯುವುದಕ್ಕೆ ಒಪ್ಪಿದಳು. ಪುರಿ ನಿಂತಿತು. ಅಪ್ಪ ಎದ್ದು ಓಡಾಡುವ ಹೊತ್ತಿಗೆ ಭೀಮನ ಮೈಗೆ ಕಿತ್ತಳೆ ಬಣ್ಣ ಮರಳಿತ್ತು. ಗುಳಿಗಳು ಒಳಗಿನಿಂದ ತುಂಬಿಕೊಂಡು ಬಂದವು. ಸಿಡುಬಿನ ಕಲೆಯಂಥ ಗುರುತು ಮಾತ್ರ ಉಳಿಯಿತು. ಅಪ್ಪ ಅತ್ತೆಯ ಬೈಗುಳ ಕೇಳಲಾರದೆ ದೊಡ್ಡ ತೊಟ್ಟಿ ತರಿಸಿದ.

ಗುಬ್ಬಿಯ ಕರಿಬೇವು ಆ ವರ್ಷ ಗೋಡೆಗಿಂತ ಎತ್ತರ ಬೆಳೆಯಿತು. ಅತ್ತೆ ಕಂತೆ ಕಂತೆ ತಂದುಕೊಡುತ್ತಿದ್ದಳು. ಅಜ್ಜಿ ಅದನ್ನು ಒಂದು ದಿನವೂ ಒಗ್ಗರಣೆಗೆ ಹಾಕಿದ್ದನ್ನು ನಾನು ನೋಡಲಿಲ್ಲ. ನಮ್ಮ ಅಡುಗೆಗೆ ಸಂತೆಯ ಕರಿಬೇವೇ ಬರುತ್ತಿತ್ತು. ಆಗ ಇದು ಮುದುಕಿಯ ಹಟ ಅಂದುಕೊಂಡೆ.

ಮುಂದೆ ಕೆಲವು ವರ್ಷಕ್ಕೆ ಅತ್ತೆಯ ಎರಡೂ ಕಿಡ್ನಿ ಕೆಟ್ಟವು. ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇತ್ತು, ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಾರಣದಲ್ಲಿ ನನಗೆ ಗೊಂದಲವಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುವಾಗ ನೋಡಲು ಹೋದೆ. ಅದೇ ಕೊನೆಯ ಭೇಟಿ. ಮಂಚದ ಪಕ್ಕದ ಯಂತ್ರದಲ್ಲಿ ಅವಳ ರಕ್ತ ಪಾರದರ್ಶಕ ನಳಿಗೆಗಳಲ್ಲಿ ತಿರುಗುತ್ತಿತ್ತು. ಅವಳು ಅದನ್ನೇ ನೋಡುತ್ತಾ ಮಲಗಿದ್ದಳು.

"ನೋಡೇ, ನಂಗೂ ವಾಟರ್ ಚೇಂಜ್ ನಡೀತಿದೆ. ಫಿಲ್ಟರ್ ಕೆಟ್ಟಿದೆ, ಮೀನು ಪರವಾಗಿಲ್ಲ."

ನಗಬೇಕೋ ಬೇಡವೋ ತಿಳಿಯದೆ ನಿಂತೆ. "ನಗೇ, ಇಷ್ಟೊತ್ತಿಂದ ಈ ನರ್ಸ್‌ಗೆ ಹೇಳ್ತಿದೀನಿ, ಅರ್ಥಾನೇ ಆಗ್ತಿಲ್ಲ ಅವ್ಳಿಗೆ" ಎಂದಳು. ಅಜ್ಜಿ ಕಳಿಸಿದ್ದ ವಿಭೂತಿಯ ಪೊಟ್ಟಣ ಕೊಟ್ಟೆ. ಅಜ್ಜಿ ತಾನು ಬಂದಿರಲಿಲ್ಲ. ಮಂಡಿನೋವು ಅಂದಿದ್ದಳು. ಅತ್ತೆ ಪೊಟ್ಟಣ ಬಿಚ್ಚಿ, ಮೊದಲು ಮೂಸಿ, ಆಮೇಲೆ ಹಣೆಗೆ ಹಚ್ಚಿಕೊಂಡಳು. "ಅವ್ವ ಊಟ ಮಾಡ್ತಾಳಾ ಸರಿಯಾಗಿ?" ಎಂದು ಕೇಳಿದಳು. ಆ ನೀರಿನ ವಿಷಯ ಅವಳನ್ನೇ ಕೇಳಬಹುದಿತ್ತು. ಆದರೆ ಆವತ್ತು ನನ್ನಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಅದು ಹುಟ್ಟಿದ್ದು ಅವಳು ಹೋದ ಮೇಲೆ. ಈಗ ಭೀಮನ ನೀರು ಬದಲಾಯಿಸುವವಳು ನಾನು, ಅವಳು ಕಲಿಸಿದಂತೆ, ಅವಳದೇ ಪೈಪಿನಲ್ಲಿ. ಅಜ್ಜಿ ಕುರ್ಚಿಯಲ್ಲಿ ಕೂತು ನೋಡುತ್ತಿರುತ್ತಾಳೆ. ಕಳೆದ ಭಾನುವಾರ ತುಂಬಿದ ಬಕೆಟ್ಟನ್ನು ಗೇಟಿನ ಆಚೆ ಚರಂಡಿಗೆ ಸುರಿಯಲು ಎತ್ತಿಕೊಂಡಾಗ, "ಆಚಿಗೆ ತಗಂಡೋಗ್ಬೇಡ" ಎಂದಳು. ದನಿ ಗಟ್ಟಿಯಾಗಿತ್ತು. "ಇಲ್ಲೇ ದಾಸವಾಳಕ್ಕೆ ಹುಯ್ಯಿ. ನಮ್ಮನೇದು ನಮ್ಮನೇಲೇ ಇರ್ಲಿ."

ಹುಯ್ದೆ. ವಾಪಸ್ ಬಂದು ಅವಳ ಕಾಲ ಬಳಿ ಕೂತು ಕೇಳಿಬಿಟ್ಟೆ. ಕೇಳಬಾರದಿತ್ತೇನೋ. ಅಜ್ಜಿಗೆ ಕಿವಿ ಚುರುಕಾಗಿಯೇ ಇದೆ. ಅವಳು ಗಾಜಿನ ಮೇಲಿನ ಮೂರು ಬೆರಳ ವಿಭೂತಿಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಹಚ್ಚಿ, ಒಳಗೆ ಹೋದಳು. ನಾನು ಕೇಳಿದ್ದು ಇಷ್ಟೇ:

"ಅಜ್ಜಿ, ಆವತ್ತು ಆ ನೀರನ್ನ ಗುಬ್ಬಿಗೆ ತಗೊಂಡೋಗೋದು ಅಂತ ಮೊದ್ಲು ಅಂದಿದ್ದು ಯಾರು? ಅತ್ತೆನಾ, ನೀನಾ?"