ಈರಮ್ಮಕ್ಕ ಕೂರದ ಮೆಟ್ಟಿಲು

ಹಸಿ ಸಿಮೆಂಟಿನ ಮೇಲೆ ನೀರು ಹೊಯ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ನಿಮಗೆ ಇಷ್ಟವೋ ಇಲ್ಲವೋ ಕಾಣೆ. ನನಗಂತೂ ಅದು ಮೂಗಿಗೆ ತಾಗಿದರೆ ಸಾಕು, ಕೈಗೆತ್ತಿಕೊಂಡ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಈ ವಾರವೆಲ್ಲ ಹೊಸಪೇಟೆಯ ನಮ್ಮ ಮನೆಯ ಮುಂದೆ ಅದೇ ವಾಸನೆ. ರಸ್ತೆ ಅಗಲ ಮಾಡುವವರು ಬಂದು ಹಳೆಯ ಕಟ್ಟೆಯನ್ನು ಒಡೆದುಹಾಕಿದ್ದರು. ಎರಡಡಿ ಒಳಕ್ಕೆ ಸರಿದು ಹೊಸದು ಕಟ್ಟಿಸುತ್ತಿದ್ದೇನೆ. ಹೊರಗೆ ಗೌಂಡಿ ಕರಣಿಯಿಂದ ಸಿಮೆಂಟು ಸವರುವ ಸದ್ದು. ಒಳಗೆ ಟೀವಿಯಲ್ಲಿ ಒಬ್ಬಳು, ಲೋಕದ ಅತಿ ದೊಡ್ಡ ಆಟೋಟವನ್ನು ನಮ್ಮ ದೇಶದಲ್ಲೇ ನಡೆಸಬೇಕೆಂದು ದೊಡ್ಡವರೆಲ್ಲ ಓಡಾಡುತ್ತಿದ್ದಾರೆ ಎಂದು ಸಂಭ್ರಮದಿಂದ ಹೇಳುತ್ತಿದ್ದಳು. ಎರಡೂ ಒಟ್ಟಿಗೆ ಕಿವಿಗೆ ಬಿದ್ದವು ನೋಡಿ, ನಾನು ಚಹಾದ ಕಪ್ಪು ಹಿಡಿದುಕೊಂಡೇ ನಲವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ಚಹಾ ಆರಿತು.

ಆ ಹಳೆಯ ಕಟ್ಟೆ ಕಟ್ಟಿದವರು ಬುಕ್ಕಸಾಗರದ ಈರಮ್ಮಕ್ಕ ಮತ್ತು ಅವಳ ಗಂಡ ತಿಮ್ಮಪ್ಪ. ತಿಮ್ಮಪ್ಪ ಕಲ್ಲು ಕೂರಿಸುತ್ತಿದ್ದ, ಮಾತು ಕಡಿಮೆ. ಮೇಲೆ ಗಿಲಾವು ಮಾಡಿ ನುಣುಪು ತರುವುದು ಈರಮ್ಮಕ್ಕನ ಕೆಲಸ. ಕರಣಿಯನ್ನು ಪಕ್ಕಕ್ಕಿಟ್ಟು ಕೊನೆಯ ಸಲ ಬರಿಗೈಯಲ್ಲಿ, ಮಗುವಿನ ತಲೆ ಸವರಿದ ಹಾಗೆ, ಇಡೀ ಕಟ್ಟೆಯನ್ನು ಸವರುತ್ತಿದ್ದಳು. ಆಗ ನನಗೆ ಇಪ್ಪತ್ತೆರಡು. ಪರೀಕ್ಷೆಯಲ್ಲಿ ನಪಾಸಾಗಿ ಮನೆಯಲ್ಲಿ ಕೂತಿದ್ದೆ. ಕೂರುವುದರಲ್ಲಿ ಅಷ್ಟು ಪಳಗಿದ್ದ ನಾನು, ಕಟ್ಟೆ ಒಣಗಿತೆಂದು ಕಂಡದ್ದೇ ತಡ, ರೇಡಿಯೋ ತಂದು ಅದರ ಮೇಲೆ ಕೂತುಬಿಟ್ಟೆ.

"ಏಳೋ ತಮ್ಮಾ, ಎದ್ದೇಳು!" ಎಂದು ಈರಮ್ಮಕ್ಕ ಕೂಗಿದಳು. "ಕಟ್ಟಿದೋರು ನಾವಿನ್ನಾ ನಿಂತೇ ಅದೀವಿ, ನೀ ಕುಂತಿಯಲ್ಲ!"

ತಪ್ಪು ಅರಿತವನ ಹಾಗೆ ತಟ್ಟನೆ ಎದ್ದು ನಿಂತೆ ಎಂದರೆ ಸುಳ್ಳಾದೀತು. ಗೊಣಗುತ್ತಾ ಎದ್ದೆ. ಅವ್ವ ತಟ್ಟೆಯಲ್ಲಿ ಎಲೆ ಅಡಿಕೆ ತಂದಳು. ಗಂಡ ಹೆಂಡತಿ ಇಬ್ಬರೂ ಕಟ್ಟೆಯ ನಟ್ಟನಡುವೆ ಕೂತು, ಸಾವಕಾಶವಾಗಿ ಎಲೆಗೆ ಸುಣ್ಣ ಹಚ್ಚಿ, ಬಿಸಿಲಿನ ಮಾತು, ಕಾಲುವೆಗೆ ನೀರು ಬಿಡುವ ಮಾತು ಎಲ್ಲಾ ಆಡಿದರು. ಮನೆಯ ಯಜಮಾನತಿ ನನ್ನವ್ವ ಅಷ್ಟು ಹೊತ್ತೂ ಎದುರಿಗೆ ನಿಂತೇ ಇದ್ದಳು. ಅವರು ಎದ್ದ ಮೇಲೆ ಅವಳು ಕೂತಳು. ಕಟ್ಟಿದವರೇ ಮೊದಲು ಕೂರುವುದು ಈರಮ್ಮಕ್ಕನ ಮನೆತನದ ಪದ್ಧತಿಯಂತೆ. "ಕಟ್ಟಿದೋರ ಭಾರ ತಡಕೊಂಡ್ರ ಊರ ಭಾರ ತಡಕೊಂತೈತಿ. ಹಂಗ ಬಿಟ್ರ ನಿಲ್ಲಂಗಿಲ್ಲ," ಎಂದಳು ಈರಮ್ಮಕ್ಕ.

ನಾನು ಸುಮ್ಮನಿರದೆ, "ಹಂಗಾದ್ರ ಹಂಪಿ ಕಟ್ಟಿದೋರು ಕುಂದ್ರಲಿಲ್ಲನ? ಅರ್ಧಕ್ಕರ್ಧ ಬಿದ್ದೈತೆಲ್ಲ," ಎಂದೆ.

"ಬಿದ್ದಿಲ್ಲೋ ಮಾರಾಯ, ಕೆಡವ್ಯಾರ," ಎಂದಳು. ನಪಾಸಾದವನಿಗೆ ಇಷ್ಟು ಇತಿಹಾಸ ಸಾಕಾಗಿತ್ತು.

ಆ ದಿನಗಳ ಊರು ಈಗ ಕನಸಿನಲ್ಲಿ ಕಂಡಂತೆ ಕಾಣುತ್ತದೆ. ಕಾಲುವೆಯಲ್ಲಿ ನೀರು ತುಂಬಿ ಸದ್ದಿಲ್ಲದೆ ಹರಿಯುತ್ತಿತ್ತು. ಕಂಪ್ಲಿಯ ದಾರಿಯುದ್ದಕ್ಕೂ ಭತ್ತದ ಹಸಿರು, ಬಾಳೆ, ಕಬ್ಬು. ಗಾಳಿ ತಿರುಗಿದರೆ ಊರೆಲ್ಲ ಬೆಲ್ಲದ ವಾಸನೆ. ಸಂಡೂರಿನ ಕಡೆಯ ಲಾರಿಗಳು ಹಾದು ಹೋದಾಗ ಕೆಂಪು ಧೂಳು ಎದ್ದು, ಬಿಸಿಲೇ ಕೆಂಪಾಗಿ ಮತ್ತೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಕೈಯಲ್ಲಿ ನಾಲ್ಕು ಕಾಸು ಆಡುವವರೆಲ್ಲ ಮನೆ ಕಟ್ಟುತ್ತಿದ್ದರು. ಈರಮ್ಮಕ್ಕನಿಗೆ ಇಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ. ಹಾಗಿದ್ದೂ ಅವಳು ದೆಹಲಿಗೆ ಹೋದಳು, ಮತ್ತು ಹೋಗಲು ಹುರಿದುಂಬಿಸಿದವನು ನಾನು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ನನಗೆ ಆಟದ ಹುಚ್ಚು. ಆಡುವ ಹುಚ್ಚಲ್ಲ, ಕೇಳುವ ಹುಚ್ಚು. ಬಸ್ಸು ಹಿಡಿಯಲು ನಾಲ್ಕು ಹೆಜ್ಜೆ ಓಡಿದರೆ ಪಕ್ಕೆ ಹಿಡಿಯುತ್ತಿದ್ದ ನಾನು, ಯಾವ ದೇಶದವನು ಎಷ್ಟು ದೂರ ಎಷ್ಟು ಬೇಗ ಓಡಿದ ಎಂಬುದನ್ನು ರೇಡಿಯೋ ಕೇಳಿ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಏಷ್ಯಾದ ದೇಶಗಳೆಲ್ಲ ಸೇರಿ ಆಡುವ ಆಟ ದೆಹಲಿಯಲ್ಲಿ ನಡೆಯುತ್ತದೆ ಎಂದು ಗೊತ್ತಾದಾಗ, ನನ್ನನ್ನೇ ಓಡಲು ಕರೆದರೇನೋ ಎನ್ನುವಷ್ಟು ಬೀಗಿದೆ. ಅದೇ ಹೊತ್ತಿಗೆ ಒಬ್ಬ ಮೇಸ್ತ್ರಿ ಬುಕ್ಕಸಾಗರ, ವಡ್ಡು ಎಲ್ಲಾ ಕಡೆ ತಿರುಗಿ ದೆಹಲಿಯಲ್ಲಿ ಸ್ಟೇಡಿಯಂ ಕಟ್ಟುವ ಕೆಲಸಕ್ಕೆ ಜನ ಸೇರಿಸುತ್ತಿದ್ದ. ಈರಮ್ಮಕ್ಕ ಅನುಮಾನಿಸುತ್ತಾ ಬಂದು ನನ್ನನ್ನು ಕೇಳಿದಳು. ಪೇಪರು ಓದುವವನು ಎಂಬ ಗೌರವ ಅವಳಿಗೆ.

"ಹೋಗಬೇ ಈರಮ್ಮಕ್ಕ," ಎಂದೆ. "ದೇಶದ ಮಾನದ ಕೆಲಸ. ಪರದೇಶದ ಮಂದಿ ಎಲ್ಲಾ ಬಂದು ನೋಡ್ತಾರ. ನಿನ್ನ ಕೈ ಸವರಿದ ಮೆಟ್ಟಲ ಮ್ಯಾಲ ಕುಂದ್ರತಾರ."

ಆ ಕೊನೆಯ ಮಾತು ಅವಳಿಗೆ ಹಿಡಿಸಿತು. ಮುಖ ಅರಳಿಸಿ, "ನಾ ಕುಂತ ಮ್ಯಾಲ ಅವ್ರು ಕುಂದ್ರತಾರ ಅನ್ನು," ಎಂದು ನಕ್ಕು ಹೋದಳು.

ಹೋದವರು ತಿರುಗಿ ಬಂದದ್ದು ಮುಂದಿನ ಗಣಪತಿ ಹಬ್ಬದ ಹೊತ್ತಿಗೆ. ಆಟ ಶುರುವಾಗಲು ಇನ್ನೂ ಸಮಯವಿತ್ತು. ನಾನು ಖುಷಿಯಿಂದ ಓಡಿಹೋಗಿ ಸ್ಟೇಡಿಯಂ ಹೇಗಿದೆ, ಎಷ್ಟು ದೊಡ್ಡದಿದೆ ಎಂದು ಕೇಳುತ್ತಲೇ ಇದ್ದೆ. ಈರಮ್ಮಕ್ಕ ನಮ್ಮ ಕಟ್ಟೆಯ ಮೂಲೆಯಲ್ಲಿ ಕೂತು ಬೆರಳು ನೋಡಿಕೊಳ್ಳುತ್ತಿದ್ದಳು. ಸಿಮೆಂಟು ತಿಂದು ಬೆರಳ ತುದಿಯ ಚರ್ಮ ಸುಲಿದಿತ್ತು.

"ಕುಂದ್ರಲಿಲ್ಲ ತಮ್ಮಾ," ಎಂದಳು.

ಏನು ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಅವಳೇ ಹೇಳಿದಳು. "ಕಡೇ ಸಾಲಿನ ಗಿಲಾವು ಮುಗಿಸಿ ಒಣಗಾಕ ಬಿಟ್ಟು ಜೋಪಡಿಗೆ ಬಂದ್ವಿ. ಎರಡು ದಿನ ಬಿಟ್ಟು ಎಲಿ ಅಡಿಕಿ ಸೆರಗಿಗೆ ಕಟಿಗೊಂಡು ಹೋದ್ರ ಗೇಟಿನಾಗ ಬಿಡಲಿಲ್ಲ. ಕೆಲಸ ಮುಗೀತು, ನಿಮ್ಮ ಪಾಸು ಮುಗೀತು ಅಂದ್ರು. ಒಂದು ಗಳಿಗಿ ಕುಂತು ಬರ್ತೀವ್ರೀ ಅಂದ್ರ ನಗತಾರ. ನಾಕು ದಿನದಾಗ ಜೋಪಡೀನೂ ಕಿತ್ತಿದ್ರು. ಪರದೇಶದೋರು ಬರೋ ದಾರಿ ಅಂತ, ಅಲ್ಲಿ ಹೂವಿನ ಗಿಡ ಹಚ್ಚಿದ್ರು. ನಮ್ಮನ್ನ ಲಾರಿಗೆ ಹಾಕಿ ಸ್ಟೇಷನ್ನಿಗೆ ಬಿಟ್ರು."

ಜೋಪಡಿ ಕಿತ್ತದ್ದನ್ನು ಅವಳು ಸಿಟ್ಟಿಲ್ಲದೆ ಹೇಳಿದಳು. ಅವಳನ್ನು ಕೊರೆಯುತ್ತಿದ್ದದ್ದು ಬೇರೆ. "ಸಾವಿರಗಟ್ಲೆ ಮಂದಿ ಹತ್ತಿ ಕುಂದ್ರತಾರಂತ. ಮಕ್ಕಳು ಮರಿ ಬರ್ತಾವು. ನಾವು ಕುಂದ್ರದ ಮೆಟ್ಟಲ ಅದು. ಕುಸದ್ರ ಆ ಪಾಪ ಯಾರಿಗೆ?"

ಇಂಜಿನಿಯರುಗಳು ಲೆಕ್ಕ ಹಾಕಿ ಕಟ್ಟಿಸಿರುತ್ತಾರೆ ಎಂದು ಸಮಾಧಾನ ಹೇಳಿದೆ. "ಅವ್ರು ಕುಂತು ನೋಡ್ಯಾರನು?" ಎಂದಳು. ನೋಡಿರಲಿಕ್ಕಿಲ್ಲ ಎಂದು ನನಗೂ ಅನ್ನಿಸಿತು.

ಚಳಿಗಾಲದಲ್ಲಿ ಆಟ ಶುರುವಾಯಿತು. ದಿನಾ ಬೆಳಿಗ್ಗೆ ಕಂಪ್ಲಿ ಬಸ್ಸಿನಿಂದ ಇಳಿದು ಕೆಲಸಕ್ಕೆ ಹೋಗುವ ಮುಂಚೆ ಈರಮ್ಮಕ್ಕ ನಮ್ಮ ಮನೆಗೆ ಬರುವಳು. ಬೀದಿಯವರು ನನ್ನನ್ನು ಎಷ್ಟು ಪದಕ ಬಂತು ಎಂದು ಕೇಳಿದರೆ, ಅವಳು "ನಿಂತೈತೇನು?" ಎಂದು ಕೇಳುವಳು. ನಿಂತಿದೆ ಎಂದು ಪೇಪರು ತೋರಿಸಿದರೂ ನಂಬಳು. "ಬಿದ್ದಿದ್ರ ಹೇಳತಾರೇನು? ಹೊರಗಿನೋರ ಮುಂದ ಮಾನ ಹೋಗಂಗಿಲ್ಲನ?" ಪೇಪರಿನ ಚಿತ್ರದಲ್ಲಿ ಬರೀ ಮಸಿ. ರೇಡಿಯೋದಲ್ಲಿ ಜನ ಹೋ ಎಂದು ಕೂಗಿದರೆ, ಯಾರೋ ಗೆದ್ದರು ಎಂದು ನಾನು ಕುಣಿಯುತ್ತಿದ್ದೆ, ಅವಳು ಎದೆ ಹಿಡಿದುಕೊಂಡು ಗೋಡೆಗೆ ಒರಗುತ್ತಿದ್ದಳು. ಟೀವಿ ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಆಟ ಮುಗಿದರೂ ಅವಳ ಅಂಜಿಕೆ ಮುಗಿಯಲಿಲ್ಲ.

ಆಗ ಸಿನಿಮಾಕ್ಕೆ ಮುಂಚೆ ನ್ಯೂಸ್ ರೀಲು ತೋರಿಸುತ್ತಿದ್ದದ್ದು ನಿಮಗೆ ನೆನಪಿರಬೇಕು. ಜನ ಆ ಹೊತ್ತಿನಲ್ಲಿ ಹೊರಗೆ ಬೀಡಿ ಸೇದುತ್ತಿದ್ದರು, ಶೇಂಗಾ ಕೊಳ್ಳುತ್ತಿದ್ದರು. ಸುದ್ದಿ ನಮ್ಮೂರ ಟಾಕೀಸು ಮುಟ್ಟುವಷ್ಟರಲ್ಲಿ ಗೆದ್ದವರ ಹೆಸರು ಗೆದ್ದವರಿಗೇ ಮರೆತಿರುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ದೆಹಲಿಯ ಆಟದ ರೀಲು ಬಂತು. ನಾನು ಈರಮ್ಮಕ್ಕನನ್ನು ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಬೆಂಚುಗಳು ಅರ್ಧ ಖಾಲಿ. ಮಾಡಿನ ತಗಡಿನ ತೂತುಗಳಿಂದ ಬಿಸಿಲಿನ ಎಳೆಗಳು ಇಳಿದಿದ್ದವು, ಹೊಗೆ ಅವುಗಳೊಳಗೆ ತೇಲುತ್ತಿತ್ತು. ಪರದೆಯ ಮೇಲೆ ಬಾವುಟ, ಬಲೂನು, ಆನೆ, ಯಾವ ಯಾವುದೋ ದೇಶದ ಹುಡುಗಿಯರು. ಈರಮ್ಮಕ್ಕ ಅವೊಂದನ್ನೂ ನೋಡಲಿಲ್ಲ. ಅವರ ಹಿಂದೇನಿದೆ ಎಂದು ಕತ್ತು ಚಾಚಿ ನೋಡುತ್ತಿದ್ದಳು.

"ಮಂದೀನ ಮಂದಿ," ಎಂದು ಪಿಸುಗುಟ್ಟಿದಳು. "ಮೆಟ್ಟಲ ಎಲ್ಲೈತಿ?"

"ಅದಬೇ, ಮಂದಿ ಕುಂತಿರೋದ ಮೆಟ್ಟಲ ಮ್ಯಾಲ," ಎಂದೆ.

ಕ್ಯಾಮೆರಾ ಒಂದು ಸುತ್ತು ತಿರುಗಿತು. ಕೆಳಗಿನಿಂದ ಆಕಾಶದವರೆಗೆ ಸಾಲು ಸಾಲು ಜನ. ಎಳ್ಳಿನಷ್ಟೂ ಸಿಮೆಂಟು ಕಾಣಲಿಲ್ಲ. ಅವರೆಲ್ಲ ಒಟ್ಟಿಗೆ ಎದ್ದು ಚಪ್ಪಾಳೆ ತಟ್ಟಿ ಒಟ್ಟಿಗೆ ಧಪ್ಪನೆ ಕೂತರು. ಈರಮ್ಮಕ್ಕ ನನ್ನ ರಟ್ಟೆ ಗಟ್ಟಿಯಾಗಿ ಹಿಡಿದಳು. ಏನೂ ಆಗಲಿಲ್ಲ.

"ನಿಂತೈತಿ!" ಎಂದು ಬೆಂಚಿನಿಂದ ಎದ್ದು ಕೂಗಿಬಿಟ್ಟಳು. "ಯವ್ವಾ, ನಿಂತೈತಿ ತಮ್ಮಾ!" ಹಿಂದಿನಿಂದ ಯಾರೋ ಸೀಟಿ ಹೊಡೆದರು. ಸಿನಿಮಾ ಶುರುವಾಗುವ ಮೊದಲೇ ನಾವು ಹೊರಗೆ ಬಂದೆವು.

ಕಾಲುವೆಯ ದಂಡೆಯ ಮೇಲೆ ನಡೆದು ಹೊರಟೆವು. ಅವಳು ಸ್ವಲ್ಪ ದೂರ ಹಗುರಾಗಿ ಮಾತಾಡುತ್ತಾ ಬಂದಳು, ಆಮೇಲೆ ಮಾತು ನಿಲ್ಲಿಸಿದಳು. ಕಾಲುವೆಯ ಮೆಟ್ಟಿಲಿಳಿದು ಕಾಲು ತೊಳೆದುಕೊಂಡಳು. ತಿರುಗಿ ನೋಡಿದಾಗ ಕಣ್ಣು ತುಂಬಿತ್ತು.

"ನಾವು ಕುಂದ್ರಲಿಲ್ಲ ಅಂದ್ರೂ ನಿಂತೈತಿ ನೋಡು," ಎಂದಳು. "ಹಂಗಾದ್ರ ನಾವು ಕುಂದ್ರಾದು ಯಾವಾಗ್ಲೂ ಬೇಕಾಗೇ ಇರಲಿಲ್ಲನ?"

ಪೇಪರು ಓದುವವನು ನಾನು, ದೇಶದ ಮಾನದ ಬಗ್ಗೆ ಭಾಷಣ ಬಿಗಿದವನು ನಾನು. ನೀರು ನೋಡುತ್ತಾ ನಿಂತೆ.

ಮರುವರ್ಷ ಅವರಿಬ್ಬರೂ ನಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಟ್ಟೆ ಕಟ್ಟಿದರು. ಅವ್ವ ಎಂದಿನಂತೆ ಎಲೆ ಅಡಿಕೆ ತಂದು, "ಕುಂದ್ರು ಈರಮ್ಮಾ," ಎಂದಳು. "ಇರ್ಲಿ ಬಿಡ್ರೀ ಅಮ್ಮಾರ, ಗಟ್ಟಿ ಐತಿ," ಎಂದು ಈರಮ್ಮಕ್ಕ ಎಲೆಯನ್ನು ನಿಂತೇ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಆಮೇಲೆ ಊರಲ್ಲಿ ಎಷ್ಟೋ ಕಟ್ಟಿದಳು. ಯಾವುದರ ಮೇಲೂ ಅವಳು ಕೂತದ್ದನ್ನು ನಾನು ಕಾಣಲಿಲ್ಲ. ಈಗ ಅವಳಿಲ್ಲ.

ನಿಮ್ಮ ಹತ್ತಿರ ಮುಚ್ಚಿಡುವುದೇಕೆ, ನನಗೆ ಆಟದ ಹುಚ್ಚು ಇಂದಿಗೂ ಹೋಗಿಲ್ಲ. ಲೋಕದ ಆಟ ನಮ್ಮಲ್ಲಿಗೆ ಬಂದರೆ ಮೊದಲ ದಿನವೇ ಟೀವಿಯ ಮುಂದೆ ಕೂರುವವನು ನಾನೇ. ಹಂಪಿಯ ಅರಸರೂ ಮಹಾನವಮಿ ದಿಬ್ಬದ ಮೇಲೆ ಕೂತು ಪರದೇಶದವರಿಗೆ ಕುಸ್ತಿ ತೋರಿಸಿದವರೇ ಅಲ್ಲವೆ! ಆದರೆ ಟೀವಿಯವಳು ಹೊಸ ಸ್ಟೇಡಿಯಮ್ಮುಗಳ ಬಣ್ಣದ ಚಿತ್ರ ತೋರಿಸಿದಾಗ ನನ್ನ ಕಣ್ಣು ಈಗ ಮೆಟ್ಟಿಲುಗಳ ಮೇಲೇ ಹೋಗುತ್ತದೆ. ಇದರ ಮೇಲೆ ಮೊದಲು ಯಾರು ಕೂರುತ್ತಾರೆ ಎಂದು ಕೇಳಿಕೊಳ್ಳುತ್ತೇನೆ.

ನಿನ್ನೆ ಸಂಜೆ ಕಟ್ಟೆ ಒಣಗಿತ್ತು. ಗೌಂಡಿ ಬಿಹಾರದ ಕಡೆಯವನು, ನಡುವಯಸ್ಸು. ಕರಣಿ ತೊಳೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ನಾನು ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಹೊರಗೆ ಬಂದು, "ಬೈಠೋ, ಕುಂದ್ರು," ಎಂದೆ. ಅವನಿಗೆ ಗಾಬರಿ. ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೇನೆ ಎಂದುಕೊಂಡು ಕಟ್ಟೆಯನ್ನು ಅಂಗೈಯಿಂದ ತಟ್ಟಿ, "ಪಕ್ಕಾ ಹೈ ಸಾಬ್," ಎಂದ.

"ಪಕ್ಕಾ ಐತಿ, ಗೊತ್ತು. ಆದ್ರೂ ಬೈಠೋ."

ಅವನು ಪ್ಯಾಂಟು ಕೊಡವಿಕೊಂಡು ಅಂಚಿನಲ್ಲಿ ಅರ್ಧ ಕೂತ. ನಾನು ಕೈಸನ್ನೆ ಮಾಡಿದೆ. ನಡುವಿಗೆ ಸರಿದು ಪೂರ್ತಿ ಕೂತ. ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟುಕೊಂಡು ಬೀದಿ ನೋಡಿದ. ಸ್ವಲ್ಪ ಹೊತ್ತಿಗೆ ಪಕ್ಕದ ಜಾಗ ತೋರಿಸಿ, "ಆಪ್ ಭೀ ಬೈಠಿಯೇ," ಎಂದು ಕರೆದ.

ಕಟ್ಟೆ ನಿಲ್ಲುವುದಕ್ಕೆ ಯಾರೂ ಕೂರಬೇಕಾಗಿಲ್ಲ, ಈರಮ್ಮಕ್ಕಾ. ನೀನು ಕೂರಬೇಕಾಗಿತ್ತು, ಅಷ್ಟೇ. ಅಂದು ಕಾಲುವೆಯ ದಂಡೆಯಲ್ಲಿ ಈ ಮಾತು ನನಗೆ ಹೊಳೆಯಲಿಲ್ಲ.

ನಾನು ತಟ್ಟೆ ಹಿಡಿದುಕೊಂಡು, ಅವನು ತಾನಾಗಿ ಏಳುವವರೆಗೂ ಎದುರಿಗೆ ನಿಂತಿದ್ದೆ.