ಬಾಣಂತಿ ಕೋಣೆಯ ಗೋಡೆ

ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗೋಡೆಯೊಳಗಿಂದ ಯಾರೋ ಮೊರದಲ್ಲಿ ರಾಗಿ ಕೇರಿದಂತೆ ಸದ್ದಾಯಿತು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಅಕ್ಕನಿಗೆ ಕಷಾಯ ಕೊಡಲು ಹೊತ್ತಾಯಿತೇ ಎಂದು ಆಗಷ್ಟೇ ಗಡಿಯಾರ ನೋಡಿದ್ದೆ. ಅವಳ ಮಗು ಹುಟ್ಟಿ ಹದಿನೇಳು ದಿನವಾಗಿತ್ತು. ಗೋಡೆಗೆ ಒತ್ತಿದ್ದ ಮಂಚದ ಮೇಲೆ ತಾಯಿ, ಮಗು ಇಬ್ಬರೂ ಮಲಗಿದ್ದರು. ಸದ್ದು ಕೇಳಿ ನಾನು ಇಲಿ ಇರಬೇಕು ಅಂದುಕೊಂಡು ಮಗುವಿನ ಬಟ್ಟೆ ಮಡಿಸುತ್ತಲೇ ಇದ್ದೆ. ಆಮೇಲೆ ಎಷ್ಟು ವರ್ಷಗಳಾದವು! ಮನಸ್ಸಿನಲ್ಲಿ ಆ ಬಟ್ಟೆಗಳನ್ನು ನಾನು ಇನ್ನೂ ಮಡಿಸಿ ಮುಗಿಸಿಲ್ಲ.

ಇದು ಎರಡನೇ ಮಹಾಯುದ್ಧದ ಕಾಲದ ಮಾತು. ಸಿಮೆಂಟು ಕಣ್ಣಿಗೆ ಬೀಳುತ್ತಿರಲಿಲ್ಲ. ಶ್ರೀನಿವಾಸಪುರದಲ್ಲಿದ್ದ ನಮ್ಮ ಮನೆ ತಾತನ ಅಪ್ಪ ಕಟ್ಟಿಸಿದ್ದು, ಮೊಳದಗಲದ ಮಣ್ಣಿನ ಗೋಡೆಗಳು. ಆ ಗೋಡೆಗಳಿಗೆ ಮಣ್ಣು ಮೆತ್ತಿದ ಹೆಂಗಸರು, ಹಸಿಯಿದ್ದಾಗಲೇ ಬೆರಳುಗಳಿಂದ ಅಲೆ ಅಲೆಯಾಗಿ ಗೀರು ಎಳೆದಿದ್ದರು. ನೋಡಲು ಉತ್ತ ಹೊಲದ ಹಾಗಿತ್ತು. ಮನೆಗೆ ಬಂದವರೆಲ್ಲ ಅದನ್ನು ಹೊಗಳುವವರೇ. ನಮ್ಮಜ್ಜಿ ಮಾತ್ರ, "ನಮ್ಮತ್ತೆ ಬೆರಳು ಕಣೇ ಅದು. ಒಂದಾದ್ರೂ ನೆಟ್ಟಗಿದೆಯಾ ನೋಡು" ಎನ್ನುತ್ತಿದ್ದಳು.

ಅಂದವಿದ್ದರೂ ಆ ಗೀರುಗಳಲ್ಲಿ ಚೇಳು ಹರಿಯುತ್ತಿದ್ದವು. ತಾಯಲೂರಿಗೆ ಮದುವೆಯಾಗಿದ್ದ ಅಕ್ಕ ಚೊಚ್ಚಲ ಹೆರಿಗೆಗೆ ಬಂದಾಗ ಅಮ್ಮ ಹಟ ಹಿಡಿದಳು: ಬಾಣಂತಿ ಮಲಗುವ ಕೋಣೆಗಾದರೂ ಗಾರೆ ಆಗಬೇಕು, ಚೇಳಿನ ಕಾಲು ಜಾರುವಷ್ಟು ನುಣ್ಣಗೆ. ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ, ಊರಿನ ಹಳೆಯ ಗಾರೆ ಕೆಲಸದ ಸಾಬರನ್ನು ಕರೆತಂದರು. ಬಿಳಿ ಗಡ್ಡ, ಮೊಣಕಾಲಿನ ತನಕ ಸುಣ್ಣ. ಅವರು ಗೋಡೆಯ ಮೇಲೆ ಅಂಗೈ ಆಡಿಸಿ, ಅಂಗೈಗೆ ಅಂಟಿದ ಮಸಿ, ಸಗಣಿಯ ಪುಡಿ ತೋರಿಸಿದರು.

"ಮೊದ್ಲು ಕಚ್ಚು ಹೊಡೀಬೇಕು ಅಮ್ಮಾ. ಹಳೇದನ್ನೆಲ್ಲ ಕೆತ್ತಿ, ಗೋಡೆಗೆ ಗಾಯ ಮಾಡ್ಬೇಕು. ಗಾಯ ಇದ್ರೇನೇ ಗಾರೆ ಹಿಡಿಯೋದು."

ಅಜ್ಜಿ ಒಳಗಿನಿಂದಲೇ ಗದರಿದಳು. "ಬಸುರಿ ಹೆಂಗ್ಸು ಇರೋ ಮನೇಲಿ ಗೋಡೆಗೆ ಏಟು ಹಾಕೋದುಂಟೇನಯ್ಯಾ? ಒಂದು ಮೊಳೆ ಕೂಡ ಹೊಡೆಯೋ ಹಾಗಿಲ್ಲ."

ನಮ್ಮ ಕಡೆ ಅದು ಎಲ್ಲರೂ ನಡೆಸಿಕೊಂಡು ಬಂದ ಪದ್ಧತಿ. ಹೊಟ್ಟೆಯಲ್ಲಿ ಕೂಸಿರುವಾಗ ಅಗೆಯಬಾರದು, ಒಡೆಯಬಾರದು. ಸಾಬರ ಮನೆಯಲ್ಲೂ ಹಾಗೇ ಇತ್ತಂತೆ, ಅವರು ಗಡ್ಡ ಕೆರೆದುಕೊಂಡು ನಿಂತರು. ಆಗ ಬಾಯಿ ಹಾಕಿದವಳು ನಾನು. ಬೆಂಗಳೂರಿನಲ್ಲಿ ಬಿ.ಎ. ಓದಿ ಬಂದವಳು, ಎಲ್ಲದಕ್ಕೂ ನನ್ನ ಬಳಿ ಒಂದು ಉತ್ತರವಿತ್ತು.

"ಗೋಡೆ ತುಂಬ ಗೀರೇ ಇದೆಯಲ್ಲ ಸಾಬರೇ. ಅದೇ ಕಚ್ಚು ಅಂದ್ಕೊಳ್ಳಿ. ಗಾರೆ ಗೀರಿನೊಳಗೆ ಕೂತ್ಕೊಳ್ಳತ್ತೆ."

"ಕಾಲೇಜಲ್ಲಿ ಹಿಂಗೆ ಹೇಳ್ಕೊಡ್ತಾರಾ ಬೇಟಿ?"

"ಯೋಚನೆ ಮಾಡೋದನ್ನ ಹೇಳ್ಕೊಡ್ತಾರೆ" ಎಂದೆ. ಎಲ್ಲರಿಗೂ ಹಿಡಿಸಿತು. ಶಾಸ್ತ್ರಕ್ಕೂ ಭಂಗವಿಲ್ಲ, ಕೆಲಸವೂ ಬೇಗ. ಸಾಬರು ಒಪ್ಪಿಕೊಂಡರು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರಿನಲ್ಲಿ ಅರೆದ ಗಾರೆಯನ್ನು ಹೆಬ್ಬೆರಳು ದಪ್ಪ ಬಳಿದು, ನುಣುಪು ಕಲ್ಲಿನಿಂದ ಉಜ್ಜಿದರು. ಹದಿನೈದು ದಿನದಲ್ಲಿ ಗೋಡೆ ಬೆಣ್ಣೆಯಂತಾಯಿತು. ಅಕ್ಕ ಅದಕ್ಕೆ ಕೆನ್ನೆ ಒತ್ತಿ, "ತಣ್ಣಗಿದೆ ಕಣೇ" ಎಂದಳು. ಹೆರಿಗೆ ಸುಸೂತ್ರವಾಯಿತು. ಬಾಣಂತಿಗೆ ಕಾವು ಬೇಕೆಂದು ಮಂಚದ ಕೆಳಗೆ ಹಗಲೂ ರಾತ್ರಿ ಅಗ್ಗಿಷ್ಟಿಕೆ ಇಟ್ಟೆವು. ಆ ಕಾವಿಗೆ ಗಾರೆ ಬೇಗ ಒಣಗಿ ಗೋಡೆಯಿಂದ ಒಳಗೊಳಗೇ ಬಿಟ್ಟುಕೊಳ್ಳುತ್ತಿದೆಯೆಂದು ಯಾರಿಗೆ ಹೊಳೆಯಬೇಕು?

ಆ ಬೆಳಗ್ಗೆ ಸದ್ದು ಕೇಳಿದ ಮೇಲೆ ಎರಡು ನಿಮಿಷವೂ ಆಗಿರಲಿಲ್ಲ, ಬಚ್ಚಲಿನಿಂದ ಅಜ್ಜಿ ಕೂಗಿದಳು. "ನೀರು ಆರೋಗ್ತಿದೆ! ಮಗೂನ ತರ್ತೀರೋ, ಇಲ್ಲ ನಾನೇ ಸ್ನಾನ ಮಾಡ್ಕೊಂಡ್ಬಿಡ್ಲೋ?"

"ಇವರೊಬ್ಬರ ಅವಸರ" ಎನ್ನುತ್ತ ಅಮ್ಮ ಮಗುವನ್ನು ಎತ್ತಿಕೊಂಡು ಹೋದಳು. ಮಗು ಎರೆಸಿಕೊಳ್ಳುವುದನ್ನು ನೋಡುವ ಆಸೆಗೆ ಅಕ್ಕನೂ ನಿಧಾನವಾಗಿ ಎದ್ದು ಹಿಂದೆ ಹೋದಳು. ಮಡಿಸಿದಷ್ಟು ಬಟ್ಟೆಗಳನ್ನು ಪೆಟ್ಟಿಗೆಗೆ ಹಾಕಲು ನಾನು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟೆ. ತಿರುಗಿ ನೋಡಿದಾಗ ಗೋಡೆ ಉಸಿರು ತೆಗೆದುಕೊಂಡ ಹಾಗೆ ಉಬ್ಬಿತ್ತು. ಕದದಷ್ಟು ದೊಡ್ಡ ಗಾರೆಯ ತುಂಡು ಮೇಲಿನಿಂದ ಬಿಟ್ಟುಕೊಂಡು, ಮುಂದಕ್ಕೆ ಬಾಗಿ, ಮಂಚದ ಮೇಲೆ ಬಿತ್ತು. ಮಂಚದ ಎರಡು ಕಾಲು ಮುರಿದವು, ಕೆಳಗಿದ್ದ ಅಗ್ಗಿಷ್ಟಿಕೆ ಗಾರೆಯ ಪುಡಿಯಲ್ಲಿ ಹೂತು ಆರಿತು. ಮಗುವಿನ ತಲೆಗಿಟ್ಟಿದ್ದ ಸಾಸಿವೆ ದಿಂಬು ಒಡೆದು ಸಾಸಿವೆಯೆಲ್ಲ ನನ್ನ ಕಾಲ ತನಕ ಉರುಳಿ ಬಂತು. ಧೂಳು ಇಳಿದಾಗ ಎದುರಿಗೆ ಅಜ್ಜಿಯ ಅತ್ತೆಯ ಬೆರಳಿನ ಗೀರುಗಳು, ಒಂದೂ ಮುಕ್ಕಾಗದೆ.

ಬಚ್ಚಲಿನಿಂದ ಅಜ್ಜಿ ಕೇಳಿದಳು: "ಏನೇ ಅದು, ಮತ್ತೆ ಕೊಡ ಬೀಳಿಸಿದ್ಯಾ?"

ಅವಳೇ ಒದ್ದೆ ಕೈಯಲ್ಲಿ ಬಂದು ನೋಡಿ, ಹೊಸ್ತಿಲ ಮೇಲೆ ಕೂತಳು. ಅಜ್ಜಿಗೆ ಸಿಟ್ಟು, ಭಯ ಬಂದರೆ ತೆಲುಗು ಬರುತ್ತಿತ್ತು. ಅವತ್ತು ಬಂದದ್ದು "ದೇವುಡಾ" ಎಂಬ ಒಂದೇ ಮಾತು.

ಸುದ್ದಿ ಹೋದ ಗಳಿಗೆಯಲ್ಲೇ ಸಾಬರು ಬರಿಗಾಲಿನಲ್ಲಿ ಓಡಿಬಂದರು. ಮುರಿದ ಮಂಚ ಮುಟ್ಟಿ ನೋಡಿ ಕಣ್ಣೊರೆಸಿಕೊಂಡರು. "ಅವತ್ತೇ ನಾನು ಆಗಲ್ಲ ಅಂತ ಹೊರಟುಹೋಗ್ಬೇಕಿತ್ತು. ಒಪ್ಕೊಂಡೆ ನೋಡಿ, ತಪ್ಪು ನಂದು."

"ಅಲ್ಲ, ಗೀರೇ ಸಾಕು ಅಂದಿದ್ದು ನಾನು" ಎಂದೆ.

"ಶಾಸ್ತ್ರ ಹೇಳಿದ್ದು ನಾನು, ಗಾರೆ ಬೇಕು ಅಂದಿದ್ದು ನಿಮ್ಮಮ್ಮ. ಹಂಚ್ಕೊಂಡು ತಿನ್ನೋಕೆ ಅದೇನು ಹೋಳಿಗೆನಾ? ಮಿಕ್ಕ ಗೋಡೆ ನೋಡಯ್ಯಾ ಮೊದ್ಲು" ಎಂದಳು ಅಜ್ಜಿ.

ಸಾಬರು ಗಾರೆ ಬಳಿಯುವ ಕರಣೆಯ ಹಿಡಿಯಿಂದ ಮಿಕ್ಕ ಮೂರು ಗೋಡೆಗಳನ್ನು ತಟ್ಟುತ್ತ ಹೋದರು. ಹಿಡಿದಿರುವ ಕಡೆ 'ಟಕ್' ಎನ್ನುತ್ತಿತ್ತು, ಬಿಟ್ಟಿರುವ ಕಡೆ 'ಡಬ್'. ಡಬ್ ಎಂದಲ್ಲೆಲ್ಲ ಇದ್ದಿಲಿನಿಂದ ಗುರುತು ಹಾಕಿದರು. ಕೊನೆಗೆ ಕೋಣೆ ಚಿರತೆಯ ಮೈಯಂತಾಯಿತು.

ಅಕ್ಕ ಮಗುವನ್ನು ಎದೆಗೊತ್ತಿಕೊಂಡು, "ನಾನಿನ್ನು ಆ ಕೋಣೆಗೆ ಕಾಲಿಡಲ್ಲ. ಗಾಡಿ ಕಟ್ಟಿಸಿ, ತಾಯಲೂರಿಗೆ ಹೋಗ್ತೀನಿ" ಎಂದಳು. ಹಸಿ ಬಾಣಂತಿ, ದಿನವಿಡೀ ಎತ್ತಿನ ಗಾಡಿಯ ದಾರಿ. ಅಮ್ಮ ಅತ್ತಳು. ಅಪ್ಪ, "ಆ ಕೋಣೆಯನ್ನು ಸರಿ ಮಾಡಿಸ್ತೀನಿ. ಆಗಲೂ ನಿನಗೆ ಧೈರ್ಯ ಬರದಿದ್ರೆ ನಾನೇ ಬಿಟ್ಟು ಬರ್ತೀನಿ" ಎಂದು ಮಾತು ಕೊಟ್ಟರು.

ಅಂದಿನಿಂದ ನಾವೆಲ್ಲ ನಡುಮನೆಯಲ್ಲಿ ಮಲಗಿದೆವು. ಅದಕ್ಕೆ ಗಾರೆಯೇ ಇರಲಿಲ್ಲ, ಬೀಳಲು ಏನೂ ಇರಲಿಲ್ಲ, ಆದರೂ ನಿದ್ದೆ ಬರಲಿಲ್ಲ. ಅಪ್ಪ ಎದ್ದು ಗೋಡೆ ತಟ್ಟುವರು, ಆ ಸದ್ದಿಗೆ ಅಮ್ಮ ಬೆಚ್ಚುವಳು, ಅಮ್ಮನಿಂದ ಮಗು ಎದ್ದು ಅಳುವುದು. "ರೀ, ನಿಮ್ಮ ಕೈ ಕಟ್ಟಿ ಮಲಗಿಸ್ತೀನಿ ಇವತ್ತು" ಎಂದು ಅಮ್ಮ ದಿನಾ ಹೆದರಿಸುತ್ತಿದ್ದಳು. ನನಗಂತೂ ಕಣ್ಣು ಮುಚ್ಚಿದರೆ ಗೋಡೆ ಉಬ್ಬುತ್ತಿತ್ತು. ಈಗಲೂ ಯಾರ ಮನೆಗೆ ಹೋದರೂ ಮಾತಿನ ನಡುವೆ ನನ್ನ ಬೆರಳು ಗೋಡೆಗೆ ಹೋಗುತ್ತದೆ. ನೆಂಟರು ನಗುತ್ತಾರೆ.

ಕೆತ್ತುವ ದಿನ ಸಾಬರು ಸುತ್ತಿಗೆ ಹಿಡಿದು ಅಜ್ಜಿಯ ಮುಖ ನೋಡಿದರು.

"ಹೊಡಿಯಯ್ಯಾ. ಈಗ ಮನೇಲಿ ಬಸುರಿ ಇಲ್ಲ, ಬಾಣಂತಿ ಇರೋದು. ಅದರ ಶಾಸ್ತ್ರ ಬೇರೆ."

"ಅದೆಲ್ಲಿದೆಯಮ್ಮ ಆ ಶಾಸ್ತ್ರ?" ಎಂದರು ಅಪ್ಪ.

"ಈಗ ಹೇಳಿದ್ನಲ್ಲ, ಕೇಳಿಸ್ಲಿಲ್ವಾ?"

ಅಂಥ ಸಡಗರದ ಕೆಲಸವನ್ನು ನಾನು ಮತ್ತೆ ನೋಡಲಿಲ್ಲ. ಅಪ್ಪ ಕಚೇರಿಗೆ ರಜೆ ಹಾಕಿ ಪಂಚೆ ಎತ್ತಿ ಕಟ್ಟಿದರು. ನನ್ನ ಕೈಗೂ ಒಂದು ಚೂಪು ಸುತ್ತಿಗೆ ಬಂತು. "ಇನ್ನೂ ಗಟ್ಟಿಯಾಗಿ ಬೇಟಿ! ಬಿ.ಎ. ಕೈ ಇಷ್ಟೇನಾ?" ಎಂದು ಸಾಬರು ಹುರಿದುಂಬಿಸಿದರು. ಅಲೆ ಅಲೆಯಾಗಿದ್ದ ಗೀರುಗಳೆಲ್ಲ ಉದುರಿ, ಸಂಜೆಗೆ ಗೋಡೆಗಳ ಮೈಯೆಲ್ಲ ಸಿಡುಬಿನ ಕಲೆಯಂಥ ಗುಳಿಗಳಾದವು. ಆಮೇಲೆ ಅವರು ಪೊರಕೆಯಿಂದ ಗುಡಿಸಿ, ನೀರು ಕುಡಿಸಿ, ತೆಳ್ಳಗೆ ಒಂದು ಪದರ ಬಳಿದು, ಅದು ಬಿಗಿದುಕೊಂಡ ಮೇಲೆ ಇನ್ನೊಂದು ಬಳಿದರು. ಕೋಣೆಯೊಳಗೆ ಬೆಂಕಿ ತರಬಾರದೆಂದು ಕಟ್ಟಪ್ಪಣೆ ಮಾಡಿದರು. ಅಕ್ಕ ದೂರದಿಂದ ನೋಡುತ್ತಿದ್ದವಳು, ದಿನ ಕಳೆದಂತೆ ಬಾಗಿಲ ತನಕ ಬಂದಳು, ಹೊಸ್ತಿಲು ಮಾತ್ರ ದಾಟಲಿಲ್ಲ.

ಮಗುವಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಕೆಲಸ ಮುಗಿಯಿತು. ಸಾಬರು ಕರಣೆಯನ್ನು ಹಿಡಿ ಮುಂದೆ ಮಾಡಿ ಅಕ್ಕನಿಗೆ ಚಾಚಿದರು. "ನಾನು ಹೇಳಿದ್ರೆ ನಂಬಬೇಡ. ನೀನೇ ತಟ್ಟಿ ನೋಡ್ಕೋ."

ಅಕ್ಕ ಮಗುವನ್ನು ನನ್ನ ಕೈಗಿಟ್ಟು ಹೊಸ್ತಿಲು ದಾಟಿದಳು. ಗೇಣು ಗೇಣಿಗೂ ತಟ್ಟಿದಳು, ಸ್ಟೂಲು ಹತ್ತಿ ಮೇಲೂ ತಟ್ಟಿದಳು. ನಾವು ಬಾಗಿಲಲ್ಲಿ ಕಿವಿಗೊಟ್ಟು ನಿಂತಿದ್ದೆವು. ಟಕ್, ಟಕ್, ಟಕ್. ಕಿಟಕಿಯ ಮೂಲೆಯಲ್ಲಿ ಅವಳ ಕೈ ನಿಂತಿತು. ಮತ್ತೆ ತಟ್ಟಿದಳು. ಅಂಗೈಯಷ್ಟು ಜಾಗದಲ್ಲಿ 'ಡಬ್' ಎಂದಿತು. ಅಮ್ಮ ತಲೆ ಮೇಲೆ ಕೈ ಹೊತ್ತಳು.

ಸಾಬರ ಮುಖ ಮಾತ್ರ ಅರಳಿತು. "ಶಾಬಾಸ್! ನನ್ನ ಕಿವಿಗೂ ತಪ್ಪಿತ್ತು ಅದು!" ಎಂದು ಅಲ್ಲೇ ಕೆತ್ತಿ ತೆಗೆದು, ಅಕ್ಕನ ಎದುರಿಗೇ ಹೊಸದಾಗಿ ಬಳಿದರು. ಅದು ಒಣಗಲು ವಾರ ಹಿಡಿಯಿತು. ಅಕ್ಕ ದಿನಕ್ಕೆರಡು ಸಲ ಹೋಗಿ ತಟ್ಟಿ ಬರುತ್ತಿದ್ದಳು. ಭಾನುವಾರ ಸಂಜೆ ತಟ್ಟಿ ಬಂದು, "ಅಪ್ಪಾ, ಗಾಡಿ ಬೇಡ" ಎಂದಳು. ತಾನೇ ಹಾಸಿಗೆ ಹೊತ್ತುಕೊಂಡು ಹೋಗಿ ಗೋಡೆಯ ಪಕ್ಕಕ್ಕೆ ಹಾಸಿದಳು.

ಸೋಮವಾರ ಬೆಳಗ್ಗೆ ನಮಗೆ ಎಚ್ಚರವಾದಾಗ ಬಿಸಿಲು ನಡುಮನೆಗೆ ಬಂದಿತ್ತು. ಹಾಲಿನವಳು ಕೂಗಿ ಕೂಗಿ, ಚೊಂಬನ್ನು ಜಗಲಿಯ ಮೇಲಿಟ್ಟು ಹೋಗಿದ್ದಳು. ಅಪ್ಪನ ಕಚೇರಿಗೆ ಹೊತ್ತಾಗಿತ್ತು. ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಕಣ್ಣುಜ್ಜುತ್ತ ಹೊರಗೆ ಬಂದು, "ಅಮ್ಮಾ, ರಾತ್ರಿ ಮಗು ಅತ್ತಿತಾ?" ಎಂದು ಕೇಳಿದಳು.

ಅಮ್ಮ ಅಪ್ಪನ ಮುಖ ನೋಡಿದಳು, ಅಪ್ಪ ನನ್ನ ಮುಖ ನೋಡಿದರು. ರಾತ್ರಿ ಎಚ್ಚರವಿದ್ದವರು ಮನೆಯಲ್ಲಿ ಒಬ್ಬರೂ ಇರಲಿಲ್ಲ.

"ಅತ್ತಿದ್ರೆ ಅದೇ ಸುಮ್ನಾಗಿರತ್ತೆ ಬಿಡೇ" ಎಂದು ಅಜ್ಜಿ ಮಗ್ಗುಲು ಬದಲಾಯಿಸಿದಳು.